ಈ ವಾರದ ಸಮಸ್ಯೆ: “ವಿಷವ ನೀಡೆಂದುದೇ ವರವಾಯಿತು”

ಸಂಚಾಲಕ, ಮೈಸೂರು:
ಕೊಟ್ಟ ವಿಚಿತ್ರ ಸಾಲೇ ಕೊನೆಯದಾಗುವಂತೆ ಮೇಲೆ ಮೂರು ಸಾಲು ಕಟ್ಟಿ, ಅದರ ವಿರೋಧವನ್ನು ಬಿಡಿಸುವುದು ನಮ್ಮ ಸಮಸ್ಯಾಪೂರಣ. ಈ ಬಾರಿ ಸಾಲು ಕೊಡುವಾಗ ನನ್ನ ಮನಸ್ಸಿನಲ್ಲಿದ್ದವನು ಚಂದ್ರಹಾಸ. ಭೀಮನಿಗೆ ತೋಳ್ಬಲ, ಅರ್ಜುನನಿಗೆ ಬಿಲ್ಲು, ಶಕುನಿಗೆ ದಾಳ. ಚಂದ್ರಹಾಸನಿಗೆ ಇದ್ದದ್ದು ಅದೃಷ್ಟ. ಕೇರಳದ ಅರಸುಮಗ ಹುಟ್ಟುತ್ತಲೇ ಅನಾಥನಾದ. ಕುಂತಳದ ಮಂತ್ರಿ ದುಷ್ಟಬುದ್ಧಿ ಅವನನ್ನು ಕೊಲ್ಲಲು ಕಾಡಿಗೆ ಕಳುಹಿಸಿದ. ಕಟುಕರು ಮರುಗಿ, ಎಡಗಾಲಿನ ಆರನೆಯ ಬೆರಳನ್ನಷ್ಟೇ ಕತ್ತರಿಸಿ ಗುರುತಿಗೆಂದು ಒಯ್ದರು. ಕೇಡಿನ ಲಕ್ಷಣವೆಂದು ಎಲ್ಲರೂ ಹೇಳುತ್ತಿದ್ದ ಬೆರಳು ಅದೇ! ಮುಂದೆ ಅವನ ಕೈಯಲ್ಲೇ ಅವನ ಸಾವಿನ ಓಲೆ: ಇವನಿಗೆ ವಿಷವ ನೀಡೆಂದು ಮಂತ್ರಿ ತನ್ನ ಮಗ ಮದನನಿಗೆ ಬರೆದದ್ದು. ಉದ್ಯಾನದಲ್ಲಿ ಅವನು ನಿದ್ದೆಹೋಗಿದ್ದಾಗ ಮಂತ್ರಿಯ ಮಗಳು ವಿಷಯೆ ಅದನ್ನು ಬಿಚ್ಚಿ ಓದಿ, ‘ವಿಷ’ದ ಜಾಗದಲ್ಲಿ ತನ್ನ ಹೆಸರನ್ನೇ ಕೂರಿಸಿದಳು. ಓಲೆ ಓದಿದ ಮದನ ತಂಗಿಯನ್ನೇ ಅವನಿಗೆ ಮದುವೆ ಮಾಡಿಕೊಟ್ಟ. ಉಳಿದ ಕಥೆ ನಿಮಗೆ ಗೊತ್ತು.

ನಿಯಮಗಳು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಡೆ ಐದು ಮಾತ್ರೆಯ ಗಣದ್ದು: ವಿಷವ ನೀ | ಡೆಂದುದೇ | ವರವಾಯಿ | ತು. ಜೈಮಿನಿ ಭಾರತದಲ್ಲಿ ಲಕ್ಷ್ಮೀಶ ಈ ಕಥೆ ಹೇಳಿದ ವಾರ್ಧಕ ಷಟ್ಪದಿಯ ಗಣವೂ ಐದು ಮಾತ್ರೆಯದೇ ಆದ್ದರಿಂದ ಅದನ್ನೇ ಹಿಡಿದಿದ್ದೇನೆ. ಒಂದು ಮತ್ತು ಮೂರನೆಯ ಸಾಲಿಗೆ ನಾಲ್ಕು ಗಣ, ಎರಡು ಮತ್ತು ನಾಲ್ಕನೆಯದಕ್ಕೆ ಮೂರು ಗಣದ ಮೇಲೊಂದು ಗುರು. ಸಾಲಿನ ಕೊನೆಯ ಲಘುವನ್ನು ಗುರುವೆಂದೇ ಎಣಿಸಿ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ, ಬಿಡುವಂತಿಲ್ಲ. ಷಕಾರಕ್ಕೆ ಪದಗಳು ಕಡಿಮೆ. ಶ, ಸ ಬೆರೆಸಬಹುದು, ಹಳೆಯ ಲಾಕ್ಷಣಿಕರ ಒಪ್ಪಿಗೆ ಅದಕ್ಕಿದೆ. ಆದರೆ ಪ್ರಾಸದ ಹಿಂದಿನ ಅಕ್ಷರ ಲಘುವೇ ಆಗಿರಬೇಕು. ಕೊಟ್ಟ ಸಾಲಿನಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ. ಆ ಸ್ವಾತಂತ್ರ್ಯ ವಿಷಯೆಗೆ ಮಾತ್ರ.

ಶ್ರೀರಂಗಪಟ್ಟಣದ ರಾಯರು:
ನೇರವಾಗಿ ಕಥೆಯನ್ನೇ ಹಿಡಿದಿದ್ದೇನೆ.

ಹಸುಳೆಯನು ಕೊಲಹೋಗಿ ಕಡಿದರಾರನೆ ಬೆರಳ
ದೆಸೆ ತಿರುಗಿತಂದಿನಿಂದಾ ಬಾಲಗೆ
ಬೆಸಸಿ ಕಳುಹಿದ ಮಂತ್ರಿ ಬರೆದ ಮುದ್ರೆಯ ಪತ್ರ
ವಿಷವ ನೀಡೆಂದುದೇ ವರವಾಯಿತು

ಸಂಚಾಲಕ:
ರಾಯರೇ, ಶುಭಾರಂಭ. ಬೆರಳು ಹೋದ ದಿನವೇ ದೆಸೆ ತಿರುಗಿತು ಎಂಬ ಎರಡನೆಯ ಸಾಲು ಇಡೀ ಪದ್ಯವನ್ನು ಎತ್ತಿ ಹಿಡಿದಿದೆ. ಕೊಲ್ಲಲು ಬಂದವರ ಕತ್ತಿಯೇ ಕೆಟ್ಟ ಲಕ್ಷಣವನ್ನು ತೆಗೆದುಹಾಕಿತು ಎನ್ನುವುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳುವುದು ಸುಲಭವಲ್ಲ.

ಸರಸ್ವತೀಪುರದ ವಿದ್ಯಾರ್ಥಿ:
ಸರ್, ನಾನು “ಅದೃಷ್ಟವಂತನು” ಎಂಬ ಪದವನ್ನು ಸಾಲಿನ ನಡುವೆ ತರಲು ನೋಡಿದೆ. ಎಲ್ಲಿ ಇಟ್ಟರೂ ಓದುವಾಗ ಎಡವುತ್ತದೆ. ಕಾರಣ ತಿಳಿಯಲಿಲ್ಲ.

ಮಂಡ್ಯದ ಮೇಷ್ಟ್ರು:
ಮಗು, ಗಣದ ಮೊದಲಿಗೇ ಇಟ್ಟು ಎಣಿಸಿ ನೋಡು. ‘ಅ’ ಒಂದು. ‘ದೃ’ ಮುಂದೆ ಒತ್ತಕ್ಷರ ಇರುವುದರಿಂದ ಎರಡು. ‘ಷ್ಟ’ ಒಂದು. ನಾಲ್ಕಾಯಿತು. ಐದನೆಯದಕ್ಕೆ ಒಂದು ಮಾತ್ರೆಯಷ್ಟೇ ಜಾಗವಿದೆ, ಬರುವುದು ‘ವಂ’ ಎಂಬ ಗುರು. ಅರ್ಧ ಈ ಗಣದಲ್ಲಿ, ಅರ್ಧ ಮುಂದಿನದರಲ್ಲಿ. ಗುರುವನ್ನು ಹಾಗೆ ಸೀಳಲು ಬರುವುದಿಲ್ಲ. ಹಿಂದಿನ ಪದದ ಒಂದು ಮಾತ್ರೆಯನ್ನು ಮುಂದೆ ತಂದರೆ ‘ಅದೃಷ್ಟ’ದಲ್ಲೇ ಗಣ ಮುಗಿಯುತ್ತದೆ, ‘ವರವಾಯಿ’ಯ ಹಾಗೆಯೇ ನಡೆ ಸರಿಹೋಗುತ್ತದೆ. ರಾಯರು ‘ದೆಸೆ’ ಎಂದದ್ದು ಸುಮ್ಮನೆ ಅಲ್ಲ. ದೆಸೆ, ವಿಧಿ, ಪುಣ್ಯ, ಭಾಗ್ಯ: ಇವೆಲ್ಲ ಇನ್ನೂ ಸುಲಭವಾಗಿ ಹೊಂದಿಕೊಳ್ಳುವ ಪದಗಳು. ಬರೆಯುವುದಕ್ಕೆ ಮೊದಲು ಗಟ್ಟಿಯಾಗಿ ಹಾಡಿಕೋ, ಕಿವಿಯೇ ಹೇಳುತ್ತದೆ.

ನಂಜನಗೂಡಿನ ಸದಸ್ಯರು:
ನಮ್ಮ ಊರಿನವರಿಗೆ ವಿಷ ಎಂದೊಡನೆ ನೆನಪಾಗುವವನು ಬೇರೆ. ವಿಷಯ ಬಿಟ್ಟು ಹೊರಗೆ ಹೋದೆನೆಂದು ಸಂಚಾಲಕರು ಬೇಸರಿಸಬಾರದು.

ಬಸವಳಿದ ಸುರರೆಲ್ಲ ಮೊರೆಯಿಡಲು ನಂಜುಂಡ
ಹೆಸರಾಗಿ ಕಪಿಲೆಯೆಡೆ ನೆಲೆನಿಂತನು
ಹಸಿದ ಜಗಕಮೃತವನು ಬಿಟ್ಟಿತ್ತ ದೇವನಿಗೆ
ವಿಷವ ನೀಡೆಂದುದೇ ವರವಾಯಿತು

ಸಂಚಾಲಕ:
ಬೇಸರವೆಲ್ಲಿಂದ ಬಂತು! ವಿಷ ಕೊಡು ಎಂದು ಕೇಳಿದವನು ಕುಡಿಯುವವನೇ ಆದಾಗ ವಿರೋಧ ತಾನಾಗಿ ಕರಗುತ್ತದೆ. ಸಭೆಯಲ್ಲಿ ಆಶುವಾಗಿ ಪದ್ಯ ಕಟ್ಟುವ ಅವಧಾನದಲ್ಲಿ ಪ್ರಶ್ನೆ ಕೇಳುವ ಪೃಚ್ಛಕರು ಒಂದು ಕಥೆಯನ್ನು ಮನಸ್ಸಿನಲ್ಲಿಟ್ಟು ಸಾಲು ಕೊಟ್ಟರೆ, ಅವಧಾನಿ ಮತ್ತೊಂದು ಕಥೆಯಿಂದ ಬಿಡಿಸುತ್ತಾರಲ್ಲವೇ, ಸಮಸ್ಯಾಪೂರಣದ ಅರ್ಧ ಸುಖ ಅದರಲ್ಲೇ ಇದೆ.

ಕುಕ್ಕರಹಳ್ಳಿಯ ಅಕ್ಕ:
ಎಲ್ಲರೂ ಬರೆದವನನ್ನೂ ಬದುಕಿದವನನ್ನೂ ನೋಡಿದಿರಿ. ತಿದ್ದಿದವಳನ್ನು ಯಾರೂ ನೋಡಲಿಲ್ಲ.

ಮಸಿಯಾಯ್ತು ಕಣ್ಗಪ್ಪು ಲೇಖನಿಯುಗುರ ತುದಿಯು
ಒಸೆದೊಂದೆ ಅಕ್ಕರವ ತಿದ್ದಿದಳು ತಾ
ಹಸೆಗೇರಿ ನಿಂತವನ ಕಂಡಪ್ಪ ಬೆರಗಾದ
ವಿಷವ ನೀಡೆಂದುದೇ ವರವಾಯಿತು

ಮಂಡ್ಯದ ಮೇಷ್ಟ್ರು:
ಅಕ್ಕ, ‘ವರ’ನನ್ನು ಹಸೆಮಣೆಗೇ ಏರಿಸಿಬಿಟ್ಟಿರಿ. ಸಾಲಿನಲ್ಲಿ ಮದುಮಗ ಅಡಗಿ ಕೂತಿದ್ದು ನನಗೆ ಹೊಳೆದಿರಲಿಲ್ಲ. ಒಂದು ಮಾತು: ಎರಡನೆಯ ಸಾಲಿನ ‘ತಾ’ ಗಣ ತುಂಬುವುದಕ್ಕಷ್ಟೇ ಬಂದಿದೆ. “ಹೊಸತೊಂದೆ ಅಕ್ಕರವ ಬರೆಯಿತೊಲವು” ಎಂದರೆ ಹೇಗೆ? ಮಾತ್ರೆ ಸರಿಹೋಗುತ್ತದೆ, ಅಳಿಸಿ ಬರೆದದ್ದು ಒಲವೇ ಎಂದೂ ಆಗುತ್ತದೆ.

ಕುಕ್ಕರಹಳ್ಳಿಯ ಅಕ್ಕ:
ಒಪ್ಪಿದೆ ಮೇಷ್ಟ್ರೇ, ಹಾಗೆಯೇ ಇರಲಿ.

ಸರಸ್ವತೀಪುರದ ವಿದ್ಯಾರ್ಥಿ:
ಪದ್ಯಗಳೆಲ್ಲ ಚೆನ್ನಾಗಿವೆ. ಆದರೂ ಒಂದು ಸಂದೇಹ. ಕಟುಕರು ಮರುಗಿದರು, ಕಾಡಿನಲ್ಲಿ ಸಿಕ್ಕ ಮಗುವನ್ನು ಸಾಮಂತ ಕುಳಿಂದ ಸಾಕಿದ, ವಿಷಯೆ ತಿದ್ದಿದಳು. ನಾಯಕ ಮಾಡಿದ್ದೇನು? ಕಥೆಯ ಮುಖ್ಯ ಘಟ್ಟದಲ್ಲಿ ಅವನು ಗಾಢ ನಿದ್ದೆಯಲ್ಲಿದ್ದಾನೆ. ಅದೃಷ್ಟ ಒಂದನ್ನೇ ನಂಬಿದ ಪಾತ್ರವನ್ನು ಹಾಡುವುದರಲ್ಲಿ ಅರ್ಥವಿದೆಯೇ?

ಸಂಚಾಲಕ:
ಕೇಳಬೇಕಾದ ಪ್ರಶ್ನೆ. ನೀವು ಅವನ ಅದೃಷ್ಟ ಎನ್ನುವುದನ್ನು ನಾನು ಬೇರೆಯವರ ಕರುಣೆ ಎಂದು ಓದುತ್ತೇನೆ. ಕತ್ತಿ ಹಿಡಿದವನ ಎದೆ ಕರಗದಿದ್ದರೆ, ಹುಡುಗಿಯ ಕಣ್ಣು ಆ ಮುಖದ ಮೇಲೆ ನಿಲ್ಲದಿದ್ದರೆ, ಕಥೆ ಎರಡು ಕಡೆ ಮುಗಿದುಹೋಗುತ್ತಿತ್ತು. ಇನ್ನು ಅವನು ಮಾಡಿದ್ದೇನು ಎಂದಿರಿ. ಕೊನೆಗೆ ಬನ್ನಿ. ಮದುವೆಯಾದ ಮೇಲೂ ಮಾವ ಸುಮ್ಮನಿರಲಿಲ್ಲ. ಚಂಡಿಕೆಯ ಗುಡಿಯಲ್ಲಿ ಕೊಲೆಗಾರರನ್ನು ಅಡಗಿಸಿ ಅಳಿಯನನ್ನು ಪೂಜೆಗೆ ಕಳುಹಿಸಿದ. ದಾರಿಯಲ್ಲಿ ಎದುರಾದ ಮದನ, ರಾಜನ ಕರೆ ಬಂದಿದೆಯೆಂದು ಭಾವನನ್ನು ಅರಮನೆಗೆ ಅಟ್ಟಿ, ಪೂಜೆಯ ತಟ್ಟೆ ಹಿಡಿದು ತಾನೇ ಗುಡಿಗೆ ಹೋದ. ಅತ್ತ ಚಂದ್ರಹಾಸನಿಗೆ ರಾಜ್ಯ, ಇತ್ತ ಮದನನಿಗೆ ಸಾವು. ಮಗನ ಹೆಣ ಕಂಡು ದುಷ್ಟಬುದ್ಧಿ ತಾನೂ ಪ್ರಾಣ ಬಿಟ್ಟ. ಬರೀ ಅದೃಷ್ಟವಂತನ ಕಥೆಯಾಗಿದ್ದರೆ ಇಲ್ಲಿಗೆ ಮಂಗಳ ಹಾಡಬಹುದಿತ್ತು: ಸಿಂಹಾಸನ ಸಿಕ್ಕಿತು, ಶತ್ರು ಸತ್ತ. ಚಂದ್ರಹಾಸ ಹಾಗೆ ಮಾಡಲಿಲ್ಲ. ಗುಡಿಗೆ ಓಡಿ, ತನ್ನನ್ನೇ ಬಲಿಕೊಡಲು ನಿಂತು, ಇಬ್ಬರನ್ನೂ ಬದುಕಿಸೆಂದು ದೇವಿಯನ್ನು ಬೇಡಿದ. ಅಲ್ಲಿ ಯಾವ ಅದೃಷ್ಟವೂ ಅವನನ್ನು ತಳ್ಳಲಿಲ್ಲ, ಆಯ್ಕೆ ಪೂರ್ತಿ ಅವನದು. ನಾನು ಈ ಪಾತ್ರಕ್ಕೆ ಸೋತದ್ದು ಆ ಘಟ್ಟದಲ್ಲಿ. ಆದರೆ ನನ್ನ ಸಾಲಿಗೆ ಬಂದ ಪೂರಣಗಳಲ್ಲಿ ಯಾವುದೂ ಇನ್ನೂ ಆ ಗುಡಿಯವರೆಗೆ ಹೋಗಿಲ್ಲ. ಯಾರಾದರೂ ಹೋಗುವಿರಾ?

ಮದ್ದೂರಿನ ಸದಸ್ಯೆ:
ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ಸಂಚಾಲಕರ ಮಾತು ಬರೆಸಿತು.

ನುಸುಳಿ ಬಂದನು ಸಾವಿನೆಡೆಯಿಂದ ಹಲಬಾರಿ
ಹಸುಗೂಸಿನಂತೆ ಹಗೆಯರಿಯದವನು
ಉಸಿರನೀ ಮಾವನಿಗೆ ಮರಳಿ ನೀಡೆಂದವಗೆ
ವಿಷವ ನೀಡೆಂದುದೇ ವರವಾಯಿತು

ಶ್ರೀರಂಗಪಟ್ಟಣದ ರಾಯರು:
ಆಹಾ! ಮಾವನದು “ವಿಷವ ನೀಡು”, ಅಳಿಯನದು “ಉಸಿರ ನೀಡು”. ಅದೇ ಕ್ರಿಯಾಪದ, ಎರಡು ಎದೆಗಳು. ತಾಯಿ, ನನ್ನ ಪದ್ಯ ನಿಮ್ಮದರ ಪೀಠಿಕೆಯಾಗಿ ಇರಲಿ.

ಸರಸ್ವತೀಪುರದ ವಿದ್ಯಾರ್ಥಿ:
ನನ್ನ ಸಂದೇಹ ತೀರಿತು. ‘ನುಸುಳಿ’ ಎಂಬ ಪದವನ್ನು ಪ್ರಾಸಕ್ಕಾಗಿ ಹುಡುಕಿದಿರೋ, ತಾನಾಗಿ ಬಂತೋ?

ಮದ್ದೂರಿನ ಸದಸ್ಯೆ:
ಮೂರನೆಯ ಸಾಲು ಮೊದಲು ಬಂತು. ಉಳಿದ ಎರಡನ್ನು ಅದಕ್ಕೆ ತಕ್ಕಂತೆ ಕಟ್ಟಿದೆ.

ಸಂಚಾಲಕ:
ಪೂರಣ ಮಾಡುವವರೆಲ್ಲ ಇದನ್ನು ಗಮನಿಸಿ. ಮೊದಲ ಸಾಲಿನಿಂದ ಹೊರಟರೆ ಕೊನೆಯ ಸಾಲು ಅಂಟಿಸಿದಂತೆ ಕಾಣುತ್ತದೆ. ಕೊಟ್ಟ ಸಾಲಿಗೆ ತಾಗಿ ನಿಲ್ಲುವ ಸಾಲನ್ನು ಮೊದಲು ಹಿಡಿಯಬೇಕು.

ನನ್ನ ಲೆಕ್ಕದಲ್ಲಿ ಈ ವಾರದ ಪದ್ಯ ಮದ್ದೂರಿನದು, ಅದರ ಪಕ್ಕದಲ್ಲೇ ಕುಕ್ಕರಹಳ್ಳಿಯ ಅಕ್ಕನದು. ಮದನನಿಗೆ ಮಾತ್ರ ಇನ್ನೂ ಯಾರೂ ಪದ್ಯ ಕೊಟ್ಟಿಲ್ಲ. ತಂಗಿಯ ಮದುವೆಯನ್ನು ನಿಂತು ನಡೆಸಿದವನು ಅವನೇ. ಆದ್ದರಿಂದ ಮುಂದಿನ ವಾರಕ್ಕೆ ಇದೇ ನಡೆಯಲ್ಲಿ, ಡಕಾರದ ಪ್ರಾಸದಲ್ಲಿ, ಈ ಸಾಲು:

ಮಡಿದವನೆ ಮದುವೆಗೌತಣ ಕರೆದನು