ಸಹಾಯ ಬೇಕು: ಪ್ರಾಸಪದಗಳ ಪಟ್ಟಿಯಲ್ಲಿ ಸ್–ಝ್ ಬೆರಕೆ

ನಮಸ್ಕಾರ. ಮಕ್ಕಳಿಗಾಗಿ ಇಂಗ್ಲಿಷ್ ಪ್ರಾಸಪದಗಳನ್ನು ಕನ್ನಡ ಅರ್ಥದೊಂದಿಗೆ ಪಟ್ಟಿ ಮಾಡುತ್ತಿದ್ದೇವೆ. ಗುಂಪು ಮಾಡಿರುವುದು ಸ್ಪೆಲಿಂಗ್ ನೋಡಿ ಅಲ್ಲ, ಉಚ್ಚಾರ ಕೇಳಿ: ಒತ್ತು ಬೀಳುವ ಸ್ವರದಿಂದ ಕೊನೆವರೆಗೆ ಒಂದೇ ಸದ್ದು, ಅದರ ಹಿಂದಿನ ವ್ಯಂಜನ ಮಾತ್ರ ಬೇರೆ. ನಮ್ಮ ಹಳೆಯ ಕಾವ್ಯಗಳ ಎರಡನೇ ಅಕ್ಷರದ ಪ್ರಾಸ ಇಲ್ಲಿ ಲೆಕ್ಕಕ್ಕಿಲ್ಲ.

ಸ್ಪೆಲಿಂಗ್ ನಂಬಿದರೆ ಕೆಟ್ಟಿತು. ಹೈಟ್ (ಎತ್ತರ), ವೇಟ್ (ತೂಕ) ಎರಡರಲ್ಲೂ ಕೊನೆಯ ಐದು ಅಕ್ಷರ ಒಂದೇ. ಆದರೂ ಹೈಟ್ ಕೂಡುವುದು ಕೈಟ್ (ಗಾಳಿಪಟ) ಜೊತೆ, ವೇಟ್ ಕೂಡುವುದು ಗೇಟ್ ಜೊತೆ. ಲವ್‌ಗೆ ಗ್ಲವ್ (ಕೈಗವಸು) ಸರಿ, ಮೂವ್ ಅಲ್ಲ. ಇದೆಲ್ಲ ಬಗೆಹರಿದಿದೆ.

ತೊಡಕಿರುವುದು ಕೊನೆಯ ಸ್, ಝ್‌ಗಳಲ್ಲಿ. ರೈಸ್ (ಅಕ್ಕಿ), ಮೈಸ್ (ಇಲಿಗಳು), ಪ್ರೈಸ್ (ಬೆಲೆ), ಟ್ವೈಸ್ (ಎರಡು ಸಲ) ಒಂದು ಗುಂಪು. ರೈಝ್ (ಮೇಲೇಳು), ವೈಝ್ (ವಿವೇಕಿ), ಪ್ರೈಝ್ (ಬಹುಮಾನ), ಐಝ್ (ಕಣ್ಣುಗಳು) ಇನ್ನೊಂದು. ಬರೆಯುವಾಗ ನಾವು ಎರಡಕ್ಕೂ ಸ್ ಹಾಕಿಬಿಡುತ್ತೇವೆ, ಬೆಲೆಯೂ ಬಹುಮಾನವೂ ಒಂದೇ ಸಾಲಿಗೆ ಬಂದು ಕೂರುತ್ತವೆ! ಗಂಟಲ ಮೇಲೆ ಬೆರಳಿಟ್ಟು ಕೊನೆಯ ಸದ್ದನ್ನು ಎಳೆದು ಹೇಳಿ: ಝ್‌ಗೆ ಕಂಪನ ಸಿಗುತ್ತದೆ, ಸ್‌ಗೆ ಇಲ್ಲ.

ಏಸ್–ಏಝ್, ಊಸ್–ಊಝ್ ಗುಂಪುಗಳಿಗೆ ತಲಾ 6 ಪದ ಬೇಕು, ಅರ್ಥ ಸಮೇತ. ಲೂಸ್ (ಸಡಿಲ), ಗೂಸ್ (ಹೆಬ್ಬಾತು), ಲೂಝ್ (ಕಳೆದುಕೊಳ್ಳು), ಚೂಝ್ (ಆರಿಸು) ಆಗಲೇ ಇವೆ. ಯೂಸ್ ನಾಮಪದವಾದರೆ ಸ್, ಕ್ರಿಯಾಪದವಾದರೆ ಝ್. ಅದನ್ನು ಎರಡೂ ಕಡೆ ಹಾಕುವುದೋ, ಬಿಟ್ಟೇಬಿಡುವುದೋ? ಕಲಿಸುವವರು ಹೇಳಿ.