90 ಸೆಕೆಂಡ್ ಹಾರರ್ ಟೀಸರ್, ಬಜೆಟ್ 5000: ಮಾಡಿದವರು ಅನುಭವ ಹೇಳಿ

ತೊಟ್ಟಿಮನೆ ಟೀಮ್:
ಬಿಎ ಪತ್ರಿಕೋದ್ಯಮ ಓದ್ತಿರೋ ನಾಲ್ಕು ಜನ ನಾವು. ಮೀಡಿಯಾ ಪ್ರೊಡಕ್ಷನ್ ಪೇಪರಿಗೆ 90 ಸೆಕೆಂಡಿನ ಹಾರರ್ ಟೀಸರ್ ಮಾಡಬೇಕು. ತೀರ್ಥಹಳ್ಳಿ ಹತ್ತಿರ ಗೆಳತಿಯ ಅಜ್ಜನ ಹಳೇ ತೊಟ್ಟಿಮನೆ ಎರಡು ರಾತ್ರಿಗೆ ಸಿಗುತ್ತೆ. ಕೈಯಲ್ಲಿರೋದು 5000 ರೂಪಾಯಿ. ಕ್ಯಾಮೆರಾ ಬಾಡಿಗೆಗೆ ತರೋದಾ, ಫೋನಲ್ಲೇ ಮುಗಿಸೋದಾ? ಸೆಮಿನಾರ್ ಹಾಲ್ ಪ್ರೊಜೆಕ್ಟರಲ್ಲಿ ತೋರಿಸಿ ಮಾರ್ಕ್ಸ್ ಕೊಡ್ತಾರೆ.

ಕತ್ತಲೆರಾಜ:
ಫೋನ್. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ದುಡ್ಡನ್ನ ಬೆಳಕಿಗೆ ಹಾಕಿ. ಕತ್ತಲೆ ಬೇಕು ಅಂತ ಕತ್ತಲೆಯಲ್ಲೇ ಶೂಟ್ ಮಾಡೋರೇ ಜಾಸ್ತಿ, ಐಎಸ್ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಅಳತೆ) 3200 ದಾಟುತ್ತೆ, ಗೋಡೆ ತುಂಬ ಇರುವೆ ಹರಿದಾಡಿದಂಗೆ ನಾಯ್ಸ್ ಬರುತ್ತೆ. ಬೆಳಕು ಕೊಟ್ಟು ತೆಗೀರಿ, ಆಮೇಲೆ ಗ್ರೇಡಿಂಗಲ್ಲಿ, ಅಂದ್ರೆ ಎಡಿಟಲ್ಲಿ ಬಣ್ಣ ತಿದ್ದುವಾಗ, ಇಳಿಸಿ.

ನನ್ನ ಪಟ್ಟಿ ಇಷ್ಟೇ: 9 ವ್ಯಾಟ್ ಎಲ್ಇಡಿ ಬಲ್ಬ್ ನಾಲ್ಕು, ಹೋಲ್ಡರ್ ಮತ್ತು ವೈರ್, ಮದುವೆ ಲೈಟಿಂಗ್‌ನವರ ಹತ್ರ ಸಿಗೋ ನೀಲಿ ಜಿಲೆಟಿನ್ ಪೇಪರ್ ಎರಡು ಶೀಟು, ಥರ್ಮಾಕೋಲ್ ಒಂದು ಶೀಟು, ಕಪ್ಪು ಬಟ್ಟೆ ನಾಲ್ಕು ಮೀಟರ್, ಬಟ್ಟೆ ಕ್ಲಿಪ್ಪು ಒಂದು ಡಜನ್. ಒಟ್ಟು ಸಾವಿರದ ಇನ್ನೂರರ ಆಸುಪಾಸು. ಬಲ್ಬು ವಾರಂಟಿ ಇರೋ ಕಂಪನಿದೇ ಆಗಲಿ, ರಸ್ತೆಬದಿ 40 ರೂಪಾಯಿ ಬಲ್ಬು ಕಣ್ಣಿಗೆ ಕಾಣದ ಹಾಗೆ ಮಿಣುಕುತ್ತೆ, ವಿಡಿಯೊದಲ್ಲಿ ಪಟ್ಟೆ ಪಟ್ಟೆ. ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತೆ. ಅದಕ್ಕೆ ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳೋ ಹೊತ್ತು) ಸೆಕೆಂಡಿನ 1/50 ಇಲ್ಲಾ 1/100. ಫೋನು ತಾನಾಗೇ ಸೆಕೆಂಡಿಗೆ 30 ಫ್ರೇಮು, 1/60 ಹಿಡಿದು ಕೂತಿರುತ್ತೆ, ಪಟ್ಟೆ ಬರೋದು ಅಲ್ಲಿಂದಲೇ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಪುಕ್ಕಟೆ ಸಿಗುತ್ತೆ, ನಿಮ್ಮ ಫೋನಲ್ಲಿ ನಡೆಯೋದಾದರೆ 25 ಫ್ರೇಮು, 1/50, ವೈಟ್ ಬ್ಯಾಲೆನ್ಸ್ (ಬಿಳಿ ಯಾವ ಬಣ್ಣಕ್ಕೆ ವಾಲಬೇಕು ಅನ್ನೋ ಸೆಟ್ಟಿಂಗ್), ಎಲ್ಲಾ ಲಾಕ್ ಮಾಡಿ. ಮೇನ್ ಲೆನ್ಸ್ ಬಿಟ್ಟು ವೈಡ್ ಮುಟ್ಟಬೇಡಿ, ಅದರ ಸೆನ್ಸರ್ ಚಿಕ್ಕದು, ರಾತ್ರಿಗೆ ಬರಲ್ಲ.

ಐವತ್ತು ಎಂಎಂ:
"ಚರ್ಚೆಗೆ ಏನೂ ಇಲ್ಲ" ಅಂತೆ. ಕ್ರಾಪ್ ಸೆನ್ಸರ್ ಮಿರರ್‌ಲೆಸ್ ಮತ್ತು 50 ಎಂಎಂ ಎಫ್ 1.8 ಲೆನ್ಸು (ಎಫ್ ಸಂಖ್ಯೆ ಕಮ್ಮಿ ಆದಷ್ಟೂ ಲೆನ್ಸಿನ ಬಾಯಿ ದೊಡ್ಡದು), ದಿನಕ್ಕೆ ಸುಮಾರು 1300 ಬಾಡಿಗೆ. ಟ್ರೈಪಾಡು 200. ಎರಡನೇ ಬ್ಯಾಟರಿ ಕೇಳಿ ತಗೊಳ್ಳಿ, ಕೇಳದಿದ್ರೆ ಕೊಡಲ್ಲ. ಸಂಜೆ 6ಕ್ಕೆ ತಗೊಂಡು ಮಾರನೇ ಸಂಜೆ 6ಕ್ಕೆ ಕೊಟ್ಟರೆ ಒಂದೇ ದಿನದ ಲೆಕ್ಕ ಅನ್ನೋದನ್ನ ಬಾಯಲ್ಲಿ ಅಲ್ಲ, ಮೆಸೇಜಲ್ಲಿ ಬರೆಸ್ಕೊಳ್ಳಿ. ಡೆಪಾಸಿಟ್ಟಿಗೆ ಒರಿಜಿನಲ್ ಐಡಿ ಕೇಳ್ತಾರೆ. ಲೆನ್ಸ್ ಮೇಲಿರೋ ಗೀರು, ಮೌಂಟ್ ಸುತ್ತ ಇರೋ ಉಜ್ಜಿದ ಗುರುತು, ಅಂಗಡಿಯಲ್ಲೇ ಅವರೆದುರಿಗೆ ವಿಡಿಯೊ ಮಾಡ್ಕೊಳ್ಳಿ. ವಾಪಸ್ ಕೊಡುವಾಗ ಹಳೇ ಗೀರಿಗೆ 800 ಹಿಡಿಯೋ ಅಂಗಡಿಗಳಿವೆ.

ಬೆಲೆ ಇರೋದು ಆ 1.8ಕ್ಕೆ. ಹಿಂದಿರೋದು ಮಬ್ಬಾಗಿ ನಿಂತಿದ್ದಾಗಲೇ ಹೆದರಿಕೆ. ಫೋನಲ್ಲಿ ತೊಟ್ಟಿಯ ಆ ಕಡೆ ಒಣಗಿಸಿದ ಟವೆಲ್ ಕೂಡ ಸ್ಪಷ್ಟವಾಗಿ ಕಾಣುತ್ತೆ. ಒಂದೇ ಎಚ್ಚರ: ಒಂದೂವರೆ ಮೀಟರ್ ದೂರದಲ್ಲಿ 1.8 ಇಟ್ಟರೆ ಫೋಕಸ್ ಸಿಗೋದು ಸುಮಾರು 6 ಸೆಂಟಿಮೀಟರ್ ಮಾತ್ರ. ನಟಿ ಉಸಿರೆಳೆದು ಮುಂದೆ ಬಾಗಿದ್ರೆ ಕಣ್ಣು ಹೋಗಿ ಕಿವಿ ಶಾರ್ಪ್ ಆಗುತ್ತೆ. 2.8ಕ್ಕೆ ಇಳಿಸಿ, ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿ.

ಕತ್ತಲೆರಾಜ:
2.8ಕ್ಕೆ ಇಳಿಸಿದ ಮೇಲೆ ಬೆಳಕು ಅರ್ಧಕ್ಕಿಂತ ಕಮ್ಮಿ ಬರುತ್ತೆ, ಮತ್ತೆ ಐಎಸ್ಓ ಏರಿಸ್ತೀರಾ. ಎರಡು ರಾತ್ರಿ, ಕ್ಯಾಮೆರಾ, ಟ್ರೈಪಾಡ್, ಬಸ್ ಚಾರ್ಜು, ಊಟ. 5000 ಅಲ್ಲಿಗೇ ಫಿನಿಶ್. ಬಲ್ಬಿಗೆ ಯಾರು ಕೊಡ್ತಾರೆ?

ಐವತ್ತು ಎಂಎಂ:
ಎರಡು ರಾತ್ರಿ ಯಾಕೆ ಬೇಕು ಗುರು? 90 ಸೆಕೆಂಡಿಗೆ ಮೂವತ್ತೈದು ನಲವತ್ತು ಶಾಟು. ಅದರಲ್ಲಿ ಹೊರಗಡೆದು ಅರ್ಧ ಹಗಲಲ್ಲೇ ಆಗುತ್ತೆ. ಬಿಸಿಲಲ್ಲಿ ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್ ಇಡಿ, ಇಡೀ ಚಿತ್ರ ನೀಲಿ ಆಗುತ್ತೆ. ಸೂರ್ಯ ನಟರ ಬೆನ್ನಿಗಿರಲಿ, ಆಕಾಶ ಫ್ರೇಮಿಗೆ ಬರಲೇಬಾರದು, ಎಡಿಟಲ್ಲಿ ಎರಡು ಸ್ಟಾಪ್, ಅಂದ್ರೆ ಬೆಳಕು ಕಾಲು ಭಾಗಕ್ಕೆ, ಇಳಿಸಿ. ಬೆಳದಿಂಗಳು ರೆಡಿ. ಮಲೆನಾಡಲ್ಲಿ ಅಡಿಕೆ ತೋಟದೊಳಗೆ ಇದು ಚೆನ್ನಾಗಿ ಕೂರುತ್ತೆ, ಮೇಲೆ ಸೋಗೆ ಮುಚ್ಚಿರುತ್ತಲ್ಲ. ಎಲೆಗಳ ಸಂದಿಯಿಂದ ನೆಲಕ್ಕೆ ಬೀಳೋ ಬಿಸಿಲಿನ ಚುಕ್ಕೆ ಮಾತ್ರ ಗುಟ್ಟು ಬಿಟ್ಟುಕೊಡುತ್ತೆ, ಅವನ್ನ ತಪ್ಪಿಸಿ.

ಕಿವಿಮಾತು:
ಇಬ್ಬರೂ ಚಿತ್ರದ ಬಗ್ಗೆ ಜಗಳ ಆಡಿ. ಹಾರರ್ ಟೀಸರ್ ಮ್ಯೂಟ್ ಮಾಡಿ ನೋಡಿ, ಮನೆ ಮಾರಾಟದ ವಿಡಿಯೊ ಥರ ಇರುತ್ತೆ.

ರೆಕಾರ್ಡರ್ ಇಲ್ಲದಿದ್ರೆ ಎರಡನೇ ಫೋನು ಸಾಕು, 48 ಕಿಲೋಹರ್ಟ್ಜ್ ವೇವ್ ಫೈಲು, ಪೀಕು (ಸದ್ದಿನ ಅತಿ ಜೋರು ಮಟ್ಟ) ಮೈನಸ್ 12 ಡೆಸಿಬೆಲ್ ಹತ್ತಿರ. ಪ್ರತಿ ಕೋಣೆಯ ಖಾಲಿ ಸದ್ದನ್ನ 30 ಸೆಕೆಂಡು ಹಿಡೀರಿ. ಅದಿಲ್ಲದಿದ್ರೆ ಡೈಲಾಗ್ ನಡುವೆ ಶಬ್ದ ಕಟ್ ಆಗಿ ಕಟ್ ಆಗಿ ಕೇಳುತ್ತೆ. ಮಲೆನಾಡಿನ ರಾತ್ರಿ ಅಂದ್ರೆ ಜೀರುಂಡೆ, ಕಪ್ಪೆ. ಒಂದು ಶಾಟಲ್ಲಿ ಜೀರುಂಡೆ ಇದ್ದು ಮುಂದಿನದರಲ್ಲಿ ಇಲ್ಲಾಂದ್ರೆ ನೋಡೋರು ಅಲ್ಲೇ ಎದ್ದು ಕೂರ್ತಾರೆ. ಜೀರುಂಡೆಯನ್ನ ಬೇರೆ ಟ್ರ್ಯಾಕಲ್ಲಿ ಉದ್ದಕ್ಕೂ ಹಾಸಿ, ಬೆಚ್ಚಿಬೀಳಿಸೋ ಹೊಡೆತ ಬರೋ ಮುಂಚೆ 15 ಫ್ರೇಮು ಅದನ್ನ ಪೂರ್ತಿ ನಿಲ್ಲಿಸಿ. ಅಷ್ಟಕ್ಕೇ ಕತ್ತು ನೆಟ್ಟಗಾಗುತ್ತೆ.

ಮೂಳೆ ಮುರಿಯೋ ಸದ್ದಿಗೆ ಸೌತೆಕಾಯಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಮುರೀರಿ, ಒಣ ಸದ್ದು ಬೇಕಿದ್ರೆ ಕಬ್ಬಿನ ಜಲ್ಲೆ. ಮೈಕಿಗೂ ಕೈಗೂ ಒಂದು ಗೇಣು. ಬಾಗಿಲ ಕಿರ್ ಸದ್ದು ನೆಟ್ಟಿಂದ ಇಳಿಸಬೇಡಿ, ತೊಟ್ಟಿಮನೆಯ ಹಲಸಿನ ಮರದ ಬಾಗಿಲು ಎದುರಿಗಿರುವಾಗ ಅದು ಪಾಪ. ತಿರುಗಣೆಗೆ ಎಣ್ಣೆ ಹಾಕಬೇಡಿ ಅಂತ ಅಜ್ಜನಿಗೆ ಮೊದಲೇ ಹೇಳಿಡಿ.

ಸಬ್ ಬಾಸ್ ಡ್ರಾಪ್ (ಎದೆಗೆ ಗುದ್ದೋ ತೀರಾ ಕೆಳದನಿಯ ಸದ್ದು) ಎಲ್ಲರಿಗೂ ಇಷ್ಟ. 40 ಹರ್ಟ್ಜ್ ಸದ್ದು ಸೆಮಿನಾರ್ ಹಾಲಿನ ಗೋಡೆ ಸ್ಪೀಕರಲ್ಲಿ ಬರೋದೇ ಇಲ್ಲ. ಅದೇ ಸದ್ದಿಗೆ ಸ್ಯಾಚುರೇಶನ್ (ಮೇಲಿನ ಸ್ವರ ಸೇರಿಸೋ ಎಫೆಕ್ಟ್) ಹಾಕಿ 100ರಿಂದ 200 ಹರ್ಟ್ಜ್ ನಡುವೆ ಸ್ವಲ್ಪ ಮೈ ಕೊಡಿ, ಆಗ ಆ ಸ್ಪೀಕರಲ್ಲೂ ಕೇಳುತ್ತೆ.

ಬಣ್ಣದಪೆಟ್ಟಿಗೆ, ಹುಬ್ಬಳ್ಳಿ:
ರಕ್ತದ ಬಗ್ಗೆ ಯಾರೂ ಹೇಳವಲ್ರಿ, ನಾ ಹೇಳ್ತೀನಿ ಕೇಳ್ರಿ. ಒಂದ್ ಕಪ್ ಸಕ್ಕರಿ, ಅರ್ಧ ಕಪ್ ನೀರು, ಒಂದೆಳೆ ಪಾಕ ಬರೂತನ ಕುದಸ್ರಿ. ಒಂದ್ ಚಮಚ ಮೈದಾ ನೀರಾಗ ಕಲಸಿ ಹಾಕ್ರಿ, ಇಲ್ಲಾಂದ್ರ ರಕ್ತ ಶರಬತ್ ಹಂಗ ಪಾರದರ್ಶಕ ಆಗ್ತದ. ಕೆಂಪು ಫುಡ್ ಕಲರ್ ಒಂದ್ ಚಮಚ, ಮ್ಯಾಲೆ ಗಟ್ಟಿ ಕಾಫಿ ಡಿಕಾಕ್ಷನ್ ಎರಡ್ ಚಮಚ. ಆ ಕಾಫಿ ಬಿಡಬ್ಯಾಡ್ರಿ. ಬರೇ ಕೆಂಪು ಆದ್ರ ಫೋನಿನಾಗ ರೆಡ್ ಚಾನೆಲ್ ಸಿಡಿದು ಟೊಮ್ಯಾಟೊ ಸಾಸ್ ಕಾಣಸ್ತದ.

ಕೆಲವ್ರು ಅರಿಶಿಣ-ಸುಣ್ಣದ ಓಕಳಿ ಮಾಡ್ತಾರ, ಖರ್ಚಿಲ್ಲ ಅಂತ. ಸುಣ್ಣ ಚರ್ಮ ಸುಡ್ತದ, ಕಣ್ಣಿಗೆ ಹೋದ್ರ ಆಸ್ಪತ್ರಿ. ಮ್ಯಾಲಿಂದ ಗಾಳಿಗೆ ಒಣಗಿದಂಗ ಕೆಂಪು ಹೋಗಿ ಹಳದಿ ತಿರುಗ್ತದ, ಎರಡನೇ ಟೇಕಿನಾಗ ದೆವ್ವಕ್ಕ ಮದುವಿ ಅರಿಶಿಣ ಹಚ್ಚಿದಂಗ ಆಗ್ತದ.

ಇನ್ನೊಂದು, ತೊಟ್ಟಿಮನಿ ಅಂದ್ರ ನೆಲ ರೆಡ್ ಆಕ್ಸೈಡ್ ಇರಬೇಕು. ಅದರ ಮ್ಯಾಲೆ ರಕ್ತ ಚೆಲ್ಲಿದ್ರ ಕಾಣೂದೇ ಇಲ್ಲ. ಬಿಳಿ ಪಂಚಿ, ಸುಣ್ಣದ ಗ್ವಾಡಿ, ಸ್ಟೀಲ್ ಚೊಂಬು, ಇವುಗಳ ಮ್ಯಾಲೆ ತೋರಸ್ರಿ. ಬಟ್ಟಿ ಎರಡ್ ಜೋಡಿ ಇರಲಿ. ಸಕ್ಕರಿ ಪಾಕ ಅದ, ಅರ್ಧ ತಾಸಿನಾಗ ಇರುವಿ ಬರ್ತಾವ.

ಬಿಳಿ ಸೀರಿ ದೆವ್ವ ಇದ್ರ, ಸೀರಿ ಒಮ್ಮೆ ಚಾ ಡಿಕಾಕ್ಷನ್‌ನಾಗ ಅದ್ದಿ ಒಣಗಸ್ರಿ. ಅಚ್ಚ ಬಿಳಿ ಬೆಳಕಿಗೆ ಉರಿದು ಮುಖ ಕಪ್ಪಾಗ್ತದ.

ಕತ್ತಲೆರಾಜ:
2020ರ ದಶಕದಲ್ಲೂ ಬಿಳಿ ಸೀರೆ, ಗೆಜ್ಜೆ? ಅದರ ಬದಲು ಬಾಗಿಲ ಮೇಲೆ "ನಾಳೆ ಬಾ" ಬರೀರಿ. 90ರ ದಶಕದಲ್ಲಿ ಬೆಂಗಳೂರಲ್ಲಿ ದೆವ್ವ ಓದಿ ವಾಪಸ್ ಹೋಗಲಿ ಅಂತ ಮನೆಮನೆ ಬಾಗಿಲಿಗೆ ಬರೆಸಿದ ವದಂತಿ, ದೆವ್ವ ತೋರಿಸೋದೇ ಬೇಡ. ಟೀಸರ್ ಅಂದ್ರೆ ಕತೆ ಹೇಳಬಾರದು, ಪ್ರಶ್ನೆ ಬಿಡಬೇಕು.

ಬಣ್ಣದಪೆಟ್ಟಿಗೆ, ಹುಬ್ಬಳ್ಳಿ:
"ನಾಳೆ ಬಾ" ಎಷ್ಟ್ ಮಂದಿ ಮಾಡ್ಯಾರ ಲೆಕ್ಕ ಹಾಕಿರೇನ್ರಿ? ಗೆಜ್ಜಿ ಹಳೇದು, ಅದೇನ್ ನಿನ್ನೆ ಹುಟ್ಟೇತೇನು?

ತೊಟ್ಟಿಮನೆ ಟೀಮ್:
ನಮ್ಮ ಕತೆ ಬೇರೆ ಇದೆ. ಕರಾವಳಿಯಿಂದ ತಂದ ಒಂದು ಭೂತದ ಮುಖವಾಡ ಅಟ್ಟದಲ್ಲಿ ಸಿಗುತ್ತೆ, ಅದನ್ನ ಮುಟ್ಟಿದವರು ಒಬ್ಬೊಬ್ಬರೇ...

ಕಡಲತಡಿ:
ನಿಲ್ಲಿಸಿ ಮಾರಾಯ್ರೇ. ನೀವು ಭೂತ ಅಂದದ್ದು ದೈವ, ನಿಮ್ಮ ಟೀಸರಿನ ದೆವ್ವ ಅಲ್ಲ. ತುಳುನಾಡಲ್ಲಿ ನೇಮ ಕಟ್ಟುವುದು ಮನೆತನದ, ಊರಿನ ಆರಾಧನೆ. ಮೊಗ, ಅಂದ್ರೆ ನೀವು ಹೇಳಿದ ಮುಖವಾಡ, ಪೂಜೆ ಆಗುವ ವಸ್ತು, ಭಂಡಾರದಲ್ಲಿ ಇರುತ್ತದೆ. ಅದನ್ನು ರಟ್ಟಲ್ಲಿ ಮಾಡಿ ಕೆಂಪು ಲೈಟ್ ಹಾಕಿ ಹೆದರಿಸುವುದು ಅಂದ್ರೆ ಏನು? ಕಾಲೇಜಲ್ಲಿ ಕರಾವಳಿಯ ಮಕ್ಕಳು ಇರುವುದಿಲ್ಲವಾ? ತೋರಿಸಿದ ದಿನವೇ ಗಲಾಟೆ ಆಗುತ್ತದೆ.

ಐವತ್ತು ಎಂಎಂ:
ಕಲೆಗೆ ಎಲ್ಲದಕ್ಕೂ ಪರ್ಮಿಶನ್ ಕೇಳೋಕಾಗಲ್ಲ ಸಾರ್.

ಕಡಲತಡಿ:
ನಿಮ್ಮ ಮನೆ ದೇವರ ಕೋಣೆಯಲ್ಲಿ ಮಾಡಿ ತೋರಿಸಿ, ಆಮೇಲೆ ಕಲೆ ಹೇಳಿ. ಅಟ್ಟದಲ್ಲಿ ಏನಾದರೂ ಸಿಗಲೇಬೇಕಿದ್ದರೆ ಹಳೆಯ ಫೋಟೊ ಇಡಿ, ಒಂದು ಮುಖ ಬ್ಲೇಡಲ್ಲಿ ಕೆರೆದು ತೆಗೆದ ಕುಟುಂಬದ ಫೋಟೊ. ನಿಮ್ಮದೇ ಫೋಟೊ ಕಪ್ಪುಬಿಳುಪು ಪ್ರಿಂಟ್ ತೆಗೆದು ಚಾ ನೀರಲ್ಲಿ ಅದ್ದಿದರೆ ಐವತ್ತು ರೂಪಾಯಿಯಲ್ಲಿ ಮುಗಿಯಿತು.

ತೊಟ್ಟಿಮನೆ ಟೀಮ್:
ಸರಿ ಸಾರ್, ಮುಖವಾಡ ಬಿಟ್ವಿ. ಫೋಟೊ ಚೆನ್ನಾಗಿದೆ. ರಾತ್ರಿ ರಸ್ತೇಲಿ ಒಂದು ಶಾಟ್ ಇದೆ, ಸೀರೆ ಉಟ್ಟ ಆಕೃತಿ ಬೈಕಿಗೆ ಅಡ್ಡ ಬರೋದು. ಪರವಾಗಿಲ್ವಾ?

ಕಿವಿಮಾತು:
ಸಾರ್ವಜನಿಕ ರಸ್ತೇಲಿ ಬೇಡವೇ ಬೇಡ. 2019ರ ನವೆಂಬರಲ್ಲಿ ಬೆಂಗಳೂರಿನ ಯಶವಂತಪುರ ಕಡೆ ದೆವ್ವದ ವೇಷ ಹಾಕಿ ದಾರಿಹೋಕರನ್ನ ಹೆದರಿಸಿದ ಏಳು ಹುಡುಗರನ್ನ ಪೊಲೀಸರು ಹಿಡಿದಿದ್ರು, ಅದೂ ಯೂಟ್ಯೂಬ್ ವಿಡಿಯೊಗೆ. ಬೈಕಿನವನು ಗಾಬರಿಯಿಂದ ಬಿದ್ರೆ ನಿಮ್ಮ ಸೆಮಿಸ್ಟರ್ ಅಲ್ಲ, ಜೀವ ಹೋಗುತ್ತೆ. ಮನೆ ಅಂಗಳದ ಒಳಗೇ ಮಾಡಿ, ಬೈಕ್ ನಿಂತೇ ಇರಲಿ, ಹೆಡ್‌ಲೈಟ್ ಮುಂದೆ ಎರಡು ಕಡ್ಡಿ ಬೀಸಿದ್ರೆ ನೆರಳು ಓಡುತ್ತೆ, ಬೈಕ್ ಓಡಿದಂಗೇ ಕಾಣುತ್ತೆ. ಕಾಲೇಜ್ ಲೆಟರ್‌ಹೆಡ್ಡಲ್ಲಿ ಪತ್ರ ಬರೆಸಿ ಹತ್ತಿರದ ಠಾಣೆಗೆ ಒಂದು ಕಾಪಿ ಕೊಟ್ಟು, ಸೀಲ್ ಹಾಕಿಸಿದ್ದನ್ನ ಜೇಬಲ್ಲಿಟ್ಕೊಳ್ಳಿ.

ಟೈಮ್‌ಲೈನ್ ತಾಯಿ:
ಎಡಿಟಿಂಗ್ ಟೇಬಲಿಗೆ ಬಂದ ಮೇಲೆ ಅಳೋರಿಗೆ ನಾಲ್ಕು ಮಾತು.

ಫೋನ್ ಫೂಟೇಜ್ ಫ್ರೇಮ್ ರೇಟ್ ಒಂದೇ ಸಮ ಇರಲ್ಲ, ಬೇರೆ ರೆಕಾರ್ಡ್ ಮಾಡಿದ ಸೌಂಡು ಬರ್ತಾ ಬರ್ತಾ ತುಟಿ ಬಿಟ್ಟು ಓಡುತ್ತೆ. ಮೊದಲೇ ಹ್ಯಾಂಡ್‌ಬ್ರೇಕ್ ಅನ್ನೋ ಕನ್ವರ್ಟರಲ್ಲಿ ಹಾಕಿ ಕಾನ್‌ಸ್ಟಂಟ್ 25 ಮಾಡ್ಕೊಳ್ಳಿ. ಎಡಿಟಿಗೆ ಡಾವಿಂಚಿ ರಿಸಾಲ್ವ್ ಪುಕ್ಕಟೆ ಆವೃತ್ತಿ ಸಾಕು, ಆದ್ರೆ ಅದರಲ್ಲಿ ಚಿತ್ರದ ನಾಯ್ಸ್ ರಿಡಕ್ಷನ್ ಇಲ್ಲ, ಅದು ದುಡ್ಡು ಕೊಡೋ ಸ್ಟುಡಿಯೊ ಆವೃತ್ತಿಯಲ್ಲಿ ಮಾತ್ರ. ನಾಯ್ಸ್ ಆಮೇಲೆ ತೆಗೀತೀವಿ ಅನ್ನೋರಿಗೆ ಇಲ್ಲಿ ಬಾಗಿಲು ಮುಚ್ಚಿದೆ, ಅಷ್ಟರ ಮಟ್ಟಿಗೆ ಕತ್ತಲೆರಾಜ ಹೇಳಿದ್ದು ಸರಿ. 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಆದ್ರೆ ಪ್ರಾಕ್ಸಿ (ಎಡಿಟಿಗೆ ಅಂತ ಹಗುರವಾದ ಕಾಪಿ) ಮಾಡದೆ ಟೈಮ್‌ಲೈನ್ ತೆಗೀಲೇಬೇಡಿ.

ಪ್ರೊಜೆಕ್ಟರ್ ವಿಷಯ ಯಾರೂ ಎತ್ತಿಲ್ಲ. ಕಿಟಕಿ ಇರೋ ಹಾಲಲ್ಲಿ ಕಪ್ಪು ಕಪ್ಪಾಗಿರಲ್ಲ, ಬೂದಿ ಬಣ್ಣ ಆಗುತ್ತೆ. ಲ್ಯಾಪ್‌ಟಾಪಲ್ಲಿ ಮಸುಕಾಗಿ ಕಂಡು ಮೈ ಜುಮ್ ಅನ್ನಿಸಿದ ಆಕೃತಿ ಪರದೆ ಮೇಲೆ ಇರೋದೇ ಇಲ್ಲ. ವೇವ್‌ಫಾರ್ಮ್ (ಬೆಳಕಿನ ಮಟ್ಟ ತೋರಿಸೋ ಗ್ರಾಫು) ತೆಗೆದು ನೋಡಿ: ಕಾಣಲೇಬೇಕಾದ ಮುಖದ ಬೆಳಕಿನ ಭಾಗ ನೂರಕ್ಕೆ 40ರ ಆಸುಪಾಸಲ್ಲಿರಲಿ, ಸುತ್ತಲಿನದು 10ರ ಕೆಳಗೆ ಹೋದ್ರೂ ನಡೆಯುತ್ತೆ. ಮುಂಚಿನ ದಿನ ಹಾಲಿಗೆ ಹೋಗಿ ಪೆನ್‌ಡ್ರೈವಲ್ಲಿ ಹತ್ತು ಸೆಕೆಂಡ್ ಹಾಕಿ ನೋಡಿ ಬನ್ನಿ.

ಯೂಟ್ಯೂಬಿಗೂ ಹಾಕೋದಾದ್ರೆ, 1080ರಲ್ಲಿ ಎಡಿಟ್ ಮಾಡಿದ್ದನ್ನೂ 4ಕೆಗೆ ಹಿಗ್ಗಿಸಿ ಎಕ್ಸ್‌ಪೋರ್ಟ್ ಮಾಡಿ, ಮೇಲೆ ಸಣ್ಣ ಗ್ರೇನ್ ಹಾಕಿ. ಇಲ್ಲಾಂದ್ರೆ ಕತ್ತಲೆ, ಹೊಗೆ ಎಲ್ಲ ಕಂಪ್ರೆಶನಲ್ಲಿ ಚೌಕ ಚೌಕ ಒಡೆಯುತ್ತೆ.

ಟೈಟಲ್ಲು. ಪ್ರೀಮಿಯರಲ್ಲಿ ಕನ್ನಡ ಟೈಪ್ ಮಾಡಿದ್ರೆ ಒತ್ತಕ್ಷರ ಚೆಲ್ಲಾಪಿಲ್ಲಿ ಆಗುತ್ತೆ, ಗ್ರಾಫಿಕ್ಸ್ ಪ್ರಿಫರೆನ್ಸಸಲ್ಲಿ ಟೆಕ್ಸ್ಟ್ ಎಂಜಿನನ್ನ ಸೌತ್ ಏಷ್ಯನ್‌ಗೆ ಬದಲಿಸಿ. ಬೇರೆ ಸಾಫ್ಟ್‌ವೇರಲ್ಲಿ ತಕರಾರು ಬಂದ್ರೆ ಇಂಕ್‌ಸ್ಕೇಪಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ ತನ್ನಿ.

ಐವತ್ತು ಎಂಎಂ:
ಒತ್ತಕ್ಷರಕ್ಕೆ ನುಡಿ ಹಳೇ ಫಾಂಟ್ ಹಾಕಿದ್ರೆ ಮುಗೀತಲ್ಲ. ಮ್ಯೂಸಿಕ್ಕಿಗೂ ಇಷ್ಟೇ ತಲೆಕೆಡಿಸ್ಕೋಬೇಡಿ, ಯಾವುದಾದ್ರೂ ಟ್ರೈಲರಿನ ಬಿಜಿಎಂ ಇಳಿಸಿ ಹಾಕಿ, ಕ್ಲಾಸಿಗೆ ತಾನೇ.

ಟೈಮ್‌ಲೈನ್ ತಾಯಿ:
ಹಳೇ ಆಸ್ಕಿ ಫಾಂಟಲ್ಲಿ ಬರೆದ ಪ್ರಾಜೆಕ್ಟನ್ನ ಕಾಲೇಜ್ ಕಂಪ್ಯೂಟರಲ್ಲಿ ತೆರೆದು ನೋಡಿ, ಟೈಟಲ್ ಜಾಗದಲ್ಲಿ ಇಂಗ್ಲಿಷ್ ಅಕ್ಷರದ ಕಸ ಇರುತ್ತೆ. ಬಲೂ ತಮ್ಮ, ನೋಟೊ ಸಾನ್ಸ್, ಎಷ್ಟು ಯುನಿಕೋಡ್ ಫಾಂಟ್ ಪುಕ್ಕಟೆ ಇವೆ.

ಕಿವಿಮಾತು:
ಬಿಜಿಎಂ ಕದ್ದರೆ ಅಪ್‌ಲೋಡ್ ಆದ ಕೂಡಲೇ ಯೂಟ್ಯೂಬಿನ ಕಂಟೆಂಟ್ ಐಡಿ ಕ್ಲೇಮು (ಹಕ್ಕುದಾರರ ತಕರಾರು), ವೈವಾದಲ್ಲಿ "ಇದು ನಿಮ್ಮದಾ" ಅಂತ ಕೇಳಿದ್ರೆ ಬಾಯಿಗೆ ಬೀಗ. ಫ್ರೀಸೌಂಡ್ ಅನ್ನೋ ಸದ್ದುಗಳ ಸೈಟಲ್ಲಿ ಸಿಸಿ ಝೀರೊ (ಷರತ್ತಿಲ್ಲದ ಲೈಸೆನ್ಸ್) ಅಂತ ಸೋಸಿ ಹುಡುಕಿ. ಬಿವೈ ಇದ್ರೆ ಹೆಸರು ಹಾಕಬೇಕು, ಎನ್‌ಸಿ ಇದ್ರೆ ದುಡ್ಡು ಮಾಡೋ ಹಾಗಿಲ್ಲ. ಮನೇಲಿ ಹಿತ್ತಾಳೆ ತಟ್ಟೆ ಇದ್ಯಾ? ಹೊಡೆದು ರೆಕಾರ್ಡ್ ಮಾಡಿ, ಉಲ್ಟಾ ತಿರುಗಿಸಿ, ಅರ್ಧ ವೇಗಕ್ಕಿಳಿಸಿ. ನೀವು ಕದಿಯಬೇಕು ಅಂತಿದ್ದ ರೈಸರ್ (ಏರುತ್ತಾ ಹೋಗೋ ಸದ್ದು) ಅದೇ.

ಐವತ್ತು ಎಂಎಂ:
ತಟ್ಟೆ ಬಡಿದು ಮಾರ್ಕ್ಸ್ ತಗೊಳ್ಳಿ ಹಾಗಾದ್ರೆ. ಶುಭವಾಗಲಿ.

ತೊಟ್ಟಿಮನೆ ಟೀಮ್:
ಒಂದೇ ಡೌಟು. ಆ ಕಡೆ ರಾತ್ರಿ ಕರೆಂಟ್ ಹೋಗೋದು ಮಾಮೂಲು. ಇನ್ವರ್ಟರಲ್ಲಿ ಶೂಟ್ ಮಾಡಬಹುದಾ? ಹೊಗೆಗೆ ಸಾಂಬ್ರಾಣಿ ಸಾಕಾ?

ಕತ್ತಲೆರಾಜ:
ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಆದ್ರೆ ಫ್ಯಾನು, ಚೋಕ್ ಟ್ಯೂಬು ಗುಂಯ್ ಅನ್ನುತ್ತೆ, ಡೈಲಾಗ್ ಇರೋ ಶಾಟಿಗೆ ಬೇಡ. ಸೈನ್ ವೇವ್ ಆದ್ರೆ ನಾಲ್ಕು 9 ವ್ಯಾಟ್ ಬಲ್ಬು ಅದಕ್ಕೆ ಲೆಕ್ಕಕ್ಕೇ ಇಲ್ಲ. ರೀಚಾರ್ಜ್ ಆಗೋ ಟಾರ್ಚ್ ಎರಡು ಇಟ್ಕೊಳ್ಳಿ, ಕರೆಂಟ್ ಹೋದಾಗ ಟಾರ್ಚ್ ಶಾಟ್‌ಗಳನ್ನ ತೆಗೀರಿ. ಸಾಂಬ್ರಾಣಿ ಸಾಕು: ಕಿಟಕಿ ಮುಚ್ಚಿ, ಫ್ಯಾನ್ ಆಫ್, ರಟ್ಟಲ್ಲಿ ಬೀಸಿ ಹೊಗೆ ಸಮ ಆಗೋವರೆಗೂ ಕಾಯಿರಿ, ಬೆಳಕು ಹಿಂದಿನಿಂದ ಕೊಡಿ. ವೈಡ್ ಶಾಟಲ್ಲಿ ಎಷ್ಟಿತ್ತೋ ಕ್ಲೋಸಪ್ಪಲ್ಲೂ ಅಷ್ಟೇ ಇರಬೇಕು, ಇಲ್ಲಾಂದ್ರೆ ಕಟ್ ಆದಾಗ ಹೊಗೆ ಮಾಯ. ಕೆಂಡದ ಪಾತ್ರೆ ಅಟ್ಟದ ಮೇಲೆ ಒಯ್ಯಬೇಡಿ, ಅಲ್ಲಿ ಹುಲ್ಲು, ಅಡಿಕೆ ಸಿಪ್ಪೆ ಇರುತ್ತೆ. ಪಕ್ಕದಲ್ಲಿ ಒಂದು ಬಕೆಟ್ ಮರಳು. ಯಾರಿಗಾದ್ರೂ ಉಬ್ಬಸ ಇದ್ರೆ ಅವರನ್ನ ತೊಟ್ಟಿ ಕಡೆಗೇ ನಿಲ್ಲಿಸಿ.

ಬಣ್ಣದಪೆಟ್ಟಿಗೆ, ಹುಬ್ಬಳ್ಳಿ:
ಹೊಗಿ ಹಾಕಿದ ಮ್ಯಾಲೆ ಮೇಕಪ್ ಮಾಡ್ರಿ, ಮದ್ಲ ಅಲ್ಲ. ಕಣ್ಣಾಗ ನೀರು ಬಂದ್ರ ಕಾಡಿಗಿ ಗಲ್ಲದತನ ಇಳೀತದ.

ಕತ್ತಲೆರಾಜ:
ಹಾರರ್‌ಗೆ ಅದೇ ಚೆನ್ನಾಗಿರುತ್ತೆ ರೀ.

ಬಣ್ಣದಪೆಟ್ಟಿಗೆ, ಹುಬ್ಬಳ್ಳಿ:
ಮುಂದಿನ ಶಾಟಿಗೆ ಅದೇ ಗೆರಿ ಅದೇ ಜಾಗದಾಗ ಯಾರ್ ಎಳೀತಾರ, ನೀವ್ ಬರ್ತೀರೇನು?