ಗ್ರಾಹಕರ ಬಾರ್ ಸ್ಟಾಕ್ ಆಡಿಟ್‌ಗೆ ಬರುತ್ತಿದ್ದಾರೆ: ಜಾಬ್‌ವರ್ಕ್ ದಾಖಲೆ ಹೇಗೆ ಜೋಡಿಸಬೇಕು?

ಪೀಣ್ಯ ಲೇತ್:

ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ನಿಯಂತ್ರಿತ ಲೇತ್‌ನಲ್ಲಿ ಕಡೆಯುವ) ಜಾಬ್‌ವರ್ಕ್ ಘಟಕ, ಪಾಲುದಾರಿಕೆ ಸಂಸ್ಥೆ, ಜಿಎಸ್‌ಟಿ ನೋಂದಣಿ ಇದೆ. ಹೊಸೂರಿನ ಗ್ರಾಹಕರು 50 ಮಿಮೀ ಇಎನ್8 ಉಕ್ಕಿನ ಬಾರ್ ಕಳಿಸುತ್ತಾರೆ. ಕಟ್ ಮಾಡಿ, ಟರ್ನಿಂಗ್ ಮಾಡಿ ವಾಪಸ್ ಕಳಿಸುವುದು ನಮ್ಮ ಕೆಲಸ. ಪೀಸ್‌ಗೆ ಇಷ್ಟು ಎಂದು ಕೂಲಿ ನಿಗದಿ. ಸ್ಕ್ರ್ಯಾಪ್ ನಮಗೇ ಬಿಡುತ್ತಾರೆ, ಆದರೆ ಅದರ ಬೆಲೆಯನ್ನು ಕೂಲಿಯಲ್ಲಿ ಕಳೆಯುತ್ತಾರೆ.

ಒಪ್ಪಂದದಲ್ಲಿ ಆಡಿಟ್ ಷರತ್ತು ಇದೆ: 15 ದಿನದ ನೋಟಿಸ್ ಕೊಟ್ಟು ‘ಕೆಲಸಕ್ಕೆ ಸಂಬಂಧಿಸಿದ ಎಲ್ಲ ದಾಖಲೆ’ ನೋಡಬಹುದು, ಕೆಲಸ ಮುಗಿದ ಮೇಲೆ 5 ವರ್ಷ ಇಡಬೇಕು. ಈಗ ನೋಟಿಸ್ ಬಂದಿದೆ. ಏಪ್ರಿಲ್ 2023ರಿಂದ ಲೆಕ್ಕ ಕೇಳಿದ್ದಾರೆ.

ಇರುವುದು: ಕೈಬರಹದ ಗೇಟ್ ರಿಜಿಸ್ಟರ್, ಚಲನ್ (ಮಾಲಿನ ಜೊತೆ ಹೋಗುವ ಚೀಟಿ) ಬುಕ್‌ಗಳು, ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್), ಸ್ಟಾಕ್‌ಗೆ ಒಂದು ಎಕ್ಸೆಲ್ ಫೈಲ್.
ಇಲ್ಲದ್ದು: ಮಾಲು ಕಳಿಸಿದ 11 ಚಲನ್‌ಗಳ ನಮ್ಮ ಪ್ರತಿ. ವೇಬ್ರಿಡ್ಜ್ ಚೀಟಿಗಳಲ್ಲಿ ಅರ್ಧದಷ್ಟು ಅಕ್ಷರ ಮಾಸಿ ಬೆಳ್ಳಗಾಗಿವೆ. ಸ್ಕ್ರ್ಯಾಪ್ ಎಲ್ಲ ಗ್ರಾಹಕರದ್ದೂ ಒಂದೇ ರಾಶಿ.

ಎಲ್ಲಿಂದ ಶುರು ಮಾಡಬೇಕು? ಆ 11 ಚಲನ್ ಹೊಸದಾಗಿ ಬರೆದಿಡಬಹುದಾ?

ಬೋರಿಂಗ್ ಬಾರ್:

ಬರೆದಿಟ್ಟುಬಿಡಿ ಸರ್. ಹಳೇ ಬುಕ್ ಒಂದು ಖಾಲಿ ಇದ್ದೇ ಇರುತ್ತೆ. ಆಡಿಟ್‌ನವರು ನೋಡೋದು ನಂಬರ್ ಸರಣಿ ಪೂರ್ತಿ ಇದೆಯಾ ಅಂತ ಅಷ್ಟೇ.

ಲೆಡ್ಜರ್ ಪುಟ:

ಮೇಲಿನ ಸಲಹೆ ದಯವಿಟ್ಟು ಪಾಲಿಸಬೇಡಿ. ನೀವು ಕಳಿಸಿದ ಚಲನ್‌ನ ಮೂಲ ಪ್ರತಿ ಗ್ರಾಹಕರ ಹತ್ತಿರವೇ ಇರುತ್ತದೆ. ಜಿಎಸ್‌ಟಿ ರೂಲ್ 55ರ ಪ್ರಕಾರ ಮೂರು ಪ್ರತಿ: ಮೂಲ ಪಡೆಯುವವರಿಗೆ, ಎರಡನೆಯದು ಸಾಗಣೆದಾರರಿಗೆ, ಮೂರನೆಯದು ಕಳಿಸಿದವರಿಗೆ. ಆಡಿಟರ್ ಬರುವಾಗ ಆ ಮೂಲ ಪ್ರತಿಗಳ ಜೆರಾಕ್ಸ್ ಫೈಲಿನಲ್ಲೇ ಇಟ್ಟುಕೊಂಡು ಬರುತ್ತಾರೆ. ನಿಮ್ಮ ‘ಹೊಸ’ ಮೂರನೇ ಪ್ರತಿಯಲ್ಲಿ ಸಹಿ ಬೇರೆ, ವಾಹನ ಸಂಖ್ಯೆ ಬೇರೆ, ಕಾರ್ಬನ್ ಗುರುತಿನ ಬದಲು ಪೆನ್ ಶಾಯಿ. 11 ಕಾಗದ ಕಳೆದದ್ದು ಅಜಾಗರೂಕತೆ ಅನ್ನಿಸಿಕೊಳ್ಳುತ್ತದೆ. ಒಂದು ಕಾಗದ ಸೃಷ್ಟಿಸಿದರೆ ಅದು ಫೋರ್ಜರಿ, ಉಳಿದ ಮೂರು ವರ್ಷದ ಸರಿಯಾದ ಲೆಕ್ಕವನ್ನೂ ಯಾರೂ ನಂಬುವುದಿಲ್ಲ.

ಹೀಗೆ ಮಾಡಿ. ಇವತ್ತಿನ ತಾರೀಕು ಹಾಕಿ ‘ಲಭ್ಯವಿಲ್ಲದ ಚಲನ್‌ಗಳ ಪಟ್ಟಿ’ ಎಂದು ಒಂದು ಹಾಳೆ. ಪ್ರತಿ ಸಾಲಿನಲ್ಲಿ ಚಲನ್ ನಂಬರ್, ಗೇಟ್ ರಿಜಿಸ್ಟರ್‌ನ ಪುಟ ಮತ್ತು ಕ್ರಮಸಂಖ್ಯೆ, ಇ-ವೇ ಬಿಲ್ ನಂಬರ್, ಕೂಲಿ ಬಿಲ್ ನಂಬರ್, ಗ್ರಾಹಕರ ಜಿಆರ್‌ಎನ್ (ಮಾಲು ಬಂದ ರಸೀದಿ) ನಂಬರ್. ಮಾಲು ಪೀಣ್ಯದಿಂದ ಹೊಸೂರಿಗೆ, ಅಂದರೆ ಹೊರ ರಾಜ್ಯಕ್ಕೆ. ಬಾರ್ ಬಂದಾಗ ಜಾಬ್‌ವರ್ಕ್ ಮಾಲೆಂದು ಮೌಲ್ಯ 50,000 ದಾಟದಿದ್ದರೂ ಇ-ವೇ ಬಿಲ್ ಆಗಿರಬೇಕು. ಹಾಗಾಗಿ ಬಂದದ್ದಕ್ಕೆ ಆಸರೆ ಸಿಗುತ್ತದೆ, ಹೋದದ್ದಕ್ಕೆ ಮೌಲ್ಯ 50,000 ದಾಟಿದ್ದರೆ ಸಿಗುತ್ತದೆ. ನಂತರ ಗ್ರಾಹಕರ ಸ್ಟೋರ್ಸ್‌ಗೆ ಮೇಲ್ ಹಾಕಿ ಮೂಲದ ನಕಲು ತರಿಸಿಕೊಳ್ಳಿ, ಮೇಲೆ ‘ಗ್ರಾಹಕರ ಪ್ರತಿಯಿಂದ ಪಡೆದ ನಕಲು’ ಎಂದು ಬರೆದು ತಾರೀಕು, ಸಹಿ ಹಾಕಿ. ಆಡಿಟರ್ ಕೇಳುವ ಮೊದಲೇ ಈ ಹಾಳೆ ಫೈಲಿನ ಮೊದಲ ಪುಟವಾಗಿರಲಿ.

ಈಗ ನಿಜವಾದ ಕೆಲಸ, ಮೆಟೀರಿಯಲ್ ಲೆಕ್ಕ. ನಿಮ್ಮ ಡ್ರಾಯಿಂಗ್ ನನಗೆ ಗೊತ್ತಿಲ್ಲ, ಉದಾಹರಣೆಗೆ 120 ಮಿಮೀ ಬ್ಲ್ಯಾಂಕ್ (ಕಡೆಯಲು ಕತ್ತರಿಸಿದ ತುಂಡು), ಫಿನಿಶ್ ತೂಕ 1.21 ಕೆಜಿ, ಬ್ಯಾಂಡ್‌ಸಾ ಕಟಿಂಗ್ ನಷ್ಟ 1.5 ಮಿಮೀ, ಬಾರ್ ಉದ್ದ 3 ಮೀಟರ್ ಅಂದುಕೊಳ್ಳಿ.

ಮೀಟರ್ ತೂಕ: ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ. 2500 ÷ 162 = 15.43 ಕೆಜಿ. ಒಂದು ಬಾರ್ 46.3 ಕೆಜಿ.
ಒಂದು ಪೀಸ್‌ಗೆ ಬೇಕಾದ ಉದ್ದ 121.5 ಮಿಮೀ. ಒಂದು ಬಾರ್‌ಗೆ 24 ಪೀಸ್, ಉಳಿಯುವ ಎಂಡ್ ಬಿಟ್ 84 ಮಿಮೀ.
100 ಬಾರ್‌ಗೆ: ಒಳಬಂದದ್ದು 4,629.6 ಕೆಜಿ. 2,400 ಫಿನಿಶ್ ಪೀಸ್ 2,904 ಕೆಜಿ. ಟರ್ನಿಂಗ್ ಚಿಪ್ಸ್ (ಕಡೆದಾಗ ಬರುವ ಲೋಹದ ಚೂರು) 1,540.4. ಗರಗಸದ ಪುಡಿ 55.6. ಎಂಡ್ ಬಿಟ್ 129.6. ಕೂಡಿದರೆ ಸರಿಹೋಗುತ್ತದೆ.

ಈ ಹಾಳೆ ಪಾರ್ಟ್ ನಂಬರ್‌ಗೊಂದು ಬೇಕು, ಡ್ರಾಯಿಂಗ್ ರಿವಿಷನ್ ಬದಲಾದಾಗ ಹೊಸ ಹಾಳೆ. ಇದಕ್ಕೆ ಗ್ರಾಹಕರ ಸಹಿ ಪಡೆದಿರದಿದ್ದರೆ ಆಡಿಟ್‌ಗೂ ಮೊದಲು ಕಳಿಸಿ ಒಪ್ಪಿಗೆ ಕೇಳಿ. ಇಲ್ಲದಿದ್ದರೆ ಆಡಿಟರ್ ತಮ್ಮದೇ ಲೆಕ್ಕ ಹಾಕುತ್ತಾರೆ, ಅದರಲ್ಲಿ ಗರಗಸದ ಪುಡಿಯೂ ಎಂಡ್ ಬಿಟ್ಟೂ ಇರುವುದೇ ಇಲ್ಲ.

ಎಲ್ಲರೂ ಎಡವುವ ಜಾಗ ಬಾರ್‌ನ ನಿಜವಾದ ವ್ಯಾಸ. ಕಪ್ಪು ಬಾರ್ 50 ಅಂದರೂ 50.4 ಇರಬಹುದು. ಆಗ ಮೀಟರ್ ತೂಕ 15.68. 100 ಬಾರ್‌ಗೆ 74 ಕೆಜಿ ವ್ಯತ್ಯಾಸ. ಗ್ರಾಹಕರ ಚಲನ್‌ನಲ್ಲಿ ಬಾರ್ ಎಣಿಕೆ ಮಾತ್ರ ಇದ್ದು, ತೂಕ ಸೂತ್ರದಿಂದ ಹಾಕಿದ್ದರೆ ನಿಮ್ಮ ಸ್ಕ್ರ್ಯಾಪ್ ‘ಜಾಸ್ತಿ’ ಬರುತ್ತದೆ. ತೂಕ ಹಾಕಿ ಕಳಿಸಿದ್ದರೆ ಲೆಕ್ಕದ ಮೇಲೆ ಮಾಲು ‘ಕಡಿಮೆ’ ಬೀಳುತ್ತದೆ. ಎಣಿಕೆ, ಉದ್ದ, ಕಾಟಾ ತೂಕ ಮೂರನ್ನೂ ಇನ್‌ವರ್ಡ್‌ನಲ್ಲೇ ಬರೆಯಬೇಕು. ವ್ಯತ್ಯಾಸ ಕಂಡರೆ ಅದೇ ದಿನ ಮೇಲ್. ಮೂರು ವರ್ಷದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಗೇಜ್ ರೂಮ್:

ತೂಕ, ಎಣಿಕೆ ಸರಿಹೋದ ಮೇಲೆ ಕ್ವಾಲಿಟಿ ದಾಖಲೆಗೆ ಬರುತ್ತಾರೆ. ವಾಹನೋದ್ಯಮದ ಪಾರ್ಟ್ ಆದರೆ ಖಂಡಿತ.

ಆಡಿಟರ್ ಎರಡು ದಿಕ್ಕಿನಿಂದ ಎಳೆದು ನೋಡುತ್ತಾರೆ. ಒಂದು ಕೂಲಿ ಬಿಲ್ ಆರಿಸಿ ಹಿಂದಕ್ಕೆ: ಬಿಲ್, ಚಲನ್, ಇನ್‌ಸ್ಪೆಕ್ಷನ್ ರಿಪೋರ್ಟ್, ರೂಟ್ ಕಾರ್ಡ್ (ಪೀಸ್ ಹಾದ ಹಂತಗಳ ಚೀಟಿ), ಕಟಿಂಗ್ ಸ್ಲಿಪ್, ಬಾರ್‌ನ ಹೀಟ್ ನಂಬರ್ (ಒಂದೇ ಬಾರಿ ಕರಗಿಸಿದ ಉಕ್ಕಿನ ಗುರುತು), ಮಿಲ್‌ನ ಟೆಸ್ಟ್ ಸರ್ಟಿಫಿಕೇಟ್. ಇನ್ನೊಂದು ಹೀಟ್ ನಂಬರ್ ಹಿಡಿದು ಮುಂದಕ್ಕೆ: ಆ ಹೀಟ್‌ನ ಪೀಸ್‌ಗಳೆಲ್ಲ ಯಾವ ಯಾವ ಚಲನ್‌ನಲ್ಲಿ ಹೋದವು? ಮೊದಲನೆಯದನ್ನು ಬಹುತೇಕ ಶಾಪ್‌ಗಳು ತೋರಿಸುತ್ತವೆ. ಎರಡನೆಯದರಲ್ಲಿ ಕೊಂಡಿ ಕಳಚುವುದು ಕಟಿಂಗ್‌ನಲ್ಲಿ. ಬಾರ್‌ನ ಒಂದು ತುದಿಗೆ ಬಣ್ಣ ಹಚ್ಚಿ ಹೀಟ್ ನಂಬರ್ ಬರೆದಿರುತ್ತಾರೆ, ಹುಡುಗರು ಆ ತುದಿಯಿಂದಲೇ ಕತ್ತರಿಸಲು ಶುರು ಮಾಡುತ್ತಾರೆ, ಉಳಿದ ಎರಡೂವರೆ ಮೀಟರ್ ಬಾರ್ ಅನಾಮಧೇಯ. ಬಣ್ಣವಿಲ್ಲದ ತುದಿಯಿಂದ ಕತ್ತರಿಸಬೇಕು, ಬಣ್ಣದ ತುದಿ ಎಂಡ್ ಬಿಟ್ ಆಗಬೇಕು. ಬ್ಲ್ಯಾಂಕ್ ತುಂಬಿದ ಪ್ರತಿ ಟ್ರೇಗೆ ಹೀಟ್ ನಂಬರಿನ ಟ್ಯಾಗ್.

ಇನ್‌ಸ್ಪೆಕ್ಷನ್ ರಿಪೋರ್ಟ್‌ನಲ್ಲಿ ಸಿಕ್ಕಿಬೀಳುವ ಜಾಗಗಳು ಇವು, ಈಗಲೇ ತೆಗೆದು ನೋಡಿ:

0.01 ಮಿಮೀ ಲೀಸ್ಟ್ ಕೌಂಟ್ (ಅಳೆಯಬಲ್ಲ ಅತಿ ಚಿಕ್ಕ ಅಳತೆ) ಇರುವ ಮೈಕ್ರೋಮೀಟರ್ ಹೆಸರು ಬರೆದು ರೀಡಿಂಗ್ 24.993 ಎಂದಿರುವುದು. ಆ ಉಪಕರಣ ಆ ಅಂಕಿ ತೋರಿಸಲಾರದು. ಒಂದೇ ನೋಟಕ್ಕೆ ಗೊತ್ತಾಗುತ್ತದೆ, ರಿಪೋರ್ಟ್ ಮೇಜಿನ ಮೇಲೆ ಕೂತು ಬರೆದದ್ದು ಎಂದು.
ಐದಕ್ಕೆ ಐದೂ ಪೀಸ್‌ಗೆ ಒಂದೇ ಅಳತೆ, ತಿಂಗಳುಗಟ್ಟಲೆ.
ಕ್ಯಾಲಿಬ್ರೇಷನ್ (ಉಪಕರಣದ ಅಳತೆ ಸರಿಯಿದೆಯೇ ಎಂಬ ಪರೀಕ್ಷೆ) ಅವಧಿ ಮುಗಿದ ಗೇಜ್‌ನ ನಂಬರ್.
ಹಾಜರಿ ಪುಸ್ತಕದಲ್ಲಿ ರಜೆ, ರಿಪೋರ್ಟ್‌ನಲ್ಲಿ ಅದೇ ವ್ಯಕ್ತಿಯ ಸಹಿ.

ಇಂಥದ್ದು ಇದ್ದರೆ ತಿದ್ದಬೇಡಿ. ಹಾಗೇ ಬಿಡಿ, ಒಂದು ಕರೆಕ್ಟಿವ್ ಆಕ್ಷನ್ ರಿಪೋರ್ಟ್ ತೆರೆದು ಇವತ್ತಿನಿಂದ ಏನು ಬದಲಾಯಿತು ಎಂದು ಬರೆಯಿರಿ. ಗೇಜ್ ಅವಧಿ ಮೀರಿದ್ದಾಗಿದ್ದರೆ ಅದನ್ನು ಈಗ ಕ್ಯಾಲಿಬ್ರೇಟ್ ಮಾಡಿಸಿ, ಹೊಂದಿಸುವ ಮುಂಚಿನ ರೀಡಿಂಗ್ ಕೂಡ ಸರ್ಟಿಫಿಕೇಟ್‌ನಲ್ಲಿ ಬರಲೆಂದು ಲ್ಯಾಬ್‌ಗೆ ಹೇಳಿ. ಹೊಂದಿಸುವ ಮುಂಚೆಯೂ ಮಿತಿಯೊಳಗೇ ಇತ್ತು ಎಂದಾದರೆ ಹಿಂದಿನ ಅಳತೆಗಳು ಉಳಿಯುತ್ತವೆ.

ರಿಜೆಕ್ಟ್ ಆದ ಪೀಸ್ ಎರಡು ಬಗೆ: ಮೆಟೀರಿಯಲ್ ದೋಷ, ಮೆಷೀನಿಂಗ್ ದೋಷ. ಮೊದಲನೆಯದಕ್ಕೆ ಗ್ರಾಹಕರು ಹೊಣೆ, ಎರಡನೆಯದಕ್ಕೆ ನಿಮ್ಮ ಕೂಲಿ ಕಟ್, ಎಷ್ಟೋ ಸಲ ಮೆಟೀರಿಯಲ್ ಬೆಲೆಯೂ. ಎರಡನ್ನೂ ಒಂದೇ ಅಂಕಿಯಲ್ಲಿ ಬರೆದಿದ್ದರೆ ಎಲ್ಲವೂ ನಿಮ್ಮ ತಲೆಗೇ.

ಪೀಣ್ಯ ಲೇತ್:

ತುಂಬಾ ಉಪಯೋಗವಾಯಿತು. ಇನ್ನೆರಡು ಪ್ರಶ್ನೆ. ಲೆಕ್ಕದ ಪ್ರಕಾರ ಚಿಪ್ಸ್, ಪುಡಿ ಸೇರಿ 1,596 ಕೆಜಿ ಆಗಬೇಕಾದ ಕಡೆ ಮಾರಿದ ಚೀಟಿಯಲ್ಲಿ 1,680 ಇದ್ದರೆ ಏನು ಹೇಳಬೇಕು? ಮತ್ತೆ ‘ಎಲ್ಲ ದಾಖಲೆ’ ಅಂದರೆ ಬೇರೆ ಗ್ರಾಹಕರ ಬಿಲ್, ನಮ್ಮ ಕಾಸ್ಟಿಂಗ್ ಶೀಟ್ ಕೂಡ ತೋರಿಸಬೇಕಾ?

ಲೆಡ್ಜರ್ ಪುಟ:

84 ಕೆಜಿ ಜಾಸ್ತಿಗೆ ಎರಡು ಕಾರಣ ಇರಬಹುದು: ಚಿಪ್ಸ್‌ಗೆ ಅಂಟಿದ ಕೂಲಂಟ್ (ಕಡೆಯುವಾಗ ಸುರಿಸುವ ತಂಪು ದ್ರವ), ಇಲ್ಲವೇ ಬೇರೆಯವರ ಮಾಲು ಬೆರೆತದ್ದು. ಬಾಯಿಮಾತಲ್ಲಿ ‘ಕೂಲಂಟ್ ಸರ್’ ಅಂದರೆ ಸಾಲದು. ಈಗಲೇ ಪರೀಕ್ಷೆ ಮಾಡಿಡಿ: ಮೆಷೀನ್‌ನಿಂದ ಆಗಷ್ಟೇ ತೆಗೆದ ಚಿಪ್ಸ್ 20 ಕೆಜಿ ತೂಗಿ, ರಂಧ್ರವಿರುವ ಟ್ರೇನಲ್ಲಿ 24 ಗಂಟೆ ಸೋರಲು ಬಿಟ್ಟು ಮತ್ತೆ ತೂಗಿ. ಮೂರು ಬ್ಯಾಚ್ ಮಾಡಿ, ಗ್ರಾಹಕರ ಪ್ರತಿನಿಧಿ ಇದ್ದರೆ ಅವರ ಸಹಿ ಹಾಕಿಸಿ. ಬಂದ ಶೇಕಡಾವನ್ನು ಮೆಟೀರಿಯಲ್ ಹಾಳೆಗೆ ಸೇರಿಸಿ.

ಇನ್ನು ಮುಂದೆ ಈ ಗ್ರಾಹಕರ ಸ್ಕ್ರ್ಯಾಪ್‌ಗೆ ಬೇರೆ ಡ್ರಮ್, ಬೇರೆ ಬಣ್ಣ. ನೋಂದಾಯಿತ ಜಾಬ್‌ವರ್ಕರ್ ತನ್ನ ಜಾಗದಿಂದಲೇ ಸ್ಕ್ರ್ಯಾಪ್ ಮಾರಬಹುದು, ಜಿಎಸ್‌ಟಿ ಕಾಯ್ದೆಯ 143ನೇ ಕಲಂ ಅವಕಾಶ ಕೊಡುತ್ತದೆ, ಆದರೆ ತೆರಿಗೆ ಬಿಲ್ ಸಮೇತ. ಬಿಲ್ಲಿಲ್ಲದೆ ಗುಜರಿಗೆ ಹೋದ ಒಂದು ಟೆಂಪೊ ಲೋಡ್ ಸಾಕು, ಇಡೀ ಲೆಕ್ಕ ಅನುಮಾನಕ್ಕೆ ಬೀಳಲು.

ವೇಬ್ರಿಡ್ಜ್ ಚೀಟಿ ಥರ್ಮಲ್ ಕಾಗದ, ಬಿಸಿಲು, ಶಾಖ, ಪ್ಲಾಸ್ಟಿಕ್ ಕವರ್ ಮೂರೂ ಅದಕ್ಕೆ ಆಗದು. ಬಂದ ದಿನವೇ ಜೆರಾಕ್ಸ್ ಮಾಡಿ ಮೂಲವನ್ನು ಹಿಂದೆ ಪಿನ್ ಮಾಡಿ. ಮಾಸಿದವಕ್ಕೆ ವೇಬ್ರಿಡ್ಜ್‌ನವರನ್ನೇ ಕೇಳಿ. ಕಂಪ್ಯೂಟರ್ ಇದ್ದರೆ ಚೀಟಿ ನಂಬರ್ ಕೊಟ್ಟು ಡೂಪ್ಲಿಕೇಟ್ ತೆಗೆಸಬಹುದು, ಅದರ ಮೇಲೆ ಡೂಪ್ಲಿಕೇಟ್ ಎಂದೇ ಇರಲಿ.

ಷರತ್ತು ಓದಿ:

ಏನು ತೋರಿಸಬೇಕು ಎಂಬುದನ್ನು ನಿರ್ಧರಿಸುವುದು ಒಪ್ಪಂದದ ಪದಗಳು. ‘ಕೆಲಸಕ್ಕೆ ಸಂಬಂಧಿಸಿದ’ ಎಂದಿದ್ದರೆ ಅದು ಅವರ ಕೆಲಸ. ಪೀಸ್ ದರ ನಿಗದಿಯಾಗಿರುವಾಗ ನಿಮ್ಮ ಕಾಸ್ಟಿಂಗ್ ಶೀಟ್ ಬಿಲ್‌ಗೆ ಆಧಾರವೇ ಅಲ್ಲ, ಕೊಡಬೇಕಾಗಿಲ್ಲ ಎಂದು ವಾದಿಸಬಹುದು. ಆದರೆ ಯಾವುದಾದರೂ ಖರ್ಚನ್ನು ‘ಆದಷ್ಟು’ ಎಂದು ವಸೂಲಿ ಮಾಡಿದ್ದರೆ, ಉದಾಹರಣೆಗೆ ವಿಶೇಷ ಟೂಲ್, ಫಿಕ್ಸ್‌ಚರ್, ಸಾಗಣೆ, ಅದರ ಖರೀದಿ ಬಿಲ್ ತೋರಿಸಲೇಬೇಕು. ಬೇರೆ ಗ್ರಾಹಕರ ಹೆಸರು, ದರ ಇರುವ ಪುಟ ಕೊಟ್ಟರೆ ಆ ಗ್ರಾಹಕರ ಜೊತೆಗಿನ ಗೋಪ್ಯತೆ ಷರತ್ತು ಮುರಿಯುತ್ತೀರಿ. ಗೇಟ್ ರಿಜಿಸ್ಟರ್‌ನಲ್ಲಿ ಎಲ್ಲರ ನಮೂದೂ ಬೆರೆತಿರುತ್ತದಲ್ಲ, ಪುಸ್ತಕ ಕೈಗೆ ಕೊಡುವ ಬದಲು ಉಳಿದ ಸಾಲು ಮುಚ್ಚಿ ಜೆರಾಕ್ಸ್ ಕೊಡಿ, ಮೂಲವನ್ನು ನಿಮ್ಮವರೊಬ್ಬರು ಹಿಡಿದು ತೋರಿಸಲಿ. ಬರುವವರು ಹೊರಗಿನ ಆಡಿಟ್ ಸಂಸ್ಥೆಯಾದರೆ ಮೊದಲು ಗೋಪ್ಯತೆ ಪತ್ರಕ್ಕೆ ಸಹಿ. ಕೊಟ್ಟ ಪ್ರತಿಯೊಂದು ನಕಲಿಗೂ ಪಟ್ಟಿ, ಅದಕ್ಕೆ ಆಡಿಟರ್ ಸಹಿ.

ಎಷ್ಟು ವರ್ಷ ಇಡಬೇಕು ಎಂಬಲ್ಲಿ ಬರೀ 5 ವರ್ಷ ನೋಡಬೇಡಿ. ಜಿಎಸ್‌ಟಿಗೆ ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು. 2023-24ರದ್ದಾದರೆ 31 ಡಿಸೆಂಬರ್ 2024ರಿಂದ ಎಣಿಸಿ 2030ರ ಕೊನೆವರೆಗೆ. ನಿಮ್ಮದು ಕಂಪನಿಯಾಗಿದ್ದರೆ 8 ವರ್ಷ, ಜೊತೆಗೆ 1 ಏಪ್ರಿಲ್ 2023ರಿಂದ ಎಡಿಟ್ ಲಾಗ್ (ಪ್ರತಿ ತಿದ್ದುಪಡಿಯ ದಾಖಲೆ) ಇರುವ ಸಾಫ್ಟ್‌ವೇರ್ ಕಡ್ಡಾಯ. ಪಾಲುದಾರಿಕೆಗೆ ಆ ಕಡ್ಡಾಯ ಇಲ್ಲ, ಆದರೂ ಟ್ಯಾಲಿಯಲ್ಲಿ ಆನ್ ಮಾಡಿಡಿ. ಐಎಟಿಎಫ್ 16949 (ವಾಹನೋದ್ಯಮದ ಗುಣಮಟ್ಟ ಮಾನದಂಡ) ಕೇಳುವ ಗ್ರಾಹಕರಾದರೆ ಪಿಪಿಎಪಿ (ಉತ್ಪಾದನೆಗೆ ಮುನ್ನ ಪಾರ್ಟ್‌ಗೆ ಪಡೆದ ಒಪ್ಪಿಗೆ) ಮತ್ತು ಟೂಲಿಂಗ್ ದಾಖಲೆ, ಪಾರ್ಟ್ ಉತ್ಪಾದನೆ ಮತ್ತು ಸರ್ವೀಸ್‌ನಲ್ಲಿ ಇರುವಷ್ಟು ಕಾಲ, ಅದರ ಮೇಲೆ ಒಂದು ಕ್ಯಾಲೆಂಡರ್ ವರ್ಷ. ಎಲ್ಲಕ್ಕಿಂತ ಉದ್ದದ್ದನ್ನು ಫೈಲಿನ ಬೆನ್ನಿಗೆ ‘ಈ ತಾರೀಕಿಗೆ ಮೊದಲು ನಾಶ ಮಾಡಬಾರದು’ ಎಂದು ಬರೆಯಿರಿ. ನೋಟಿಸ್ ಅಥವಾ ತಕರಾರು ಬಂದಿದ್ದರೆ ಅದು ಮುಗಿಯುವವರೆಗೆ ಯಾವುದನ್ನೂ ರದ್ದಿಗೆ ಹಾಕುವಂತಿಲ್ಲ.

ತಿದ್ದುಪಡಿಗೆ ವೈಟ್ನರ್ ಬೇಡ. ಜಿಎಸ್‌ಟಿ ರೂಲ್ 56 ಹೇಳುವುದೂ ಅದನ್ನೇ: ಅಳಿಸಬಾರದು, ಮೇಲೆ ಬರೆಯಬಾರದು, ತಪ್ಪಿಗೆ ಗೆರೆ ಎಳೆದು ದೃಢೀಕರಿಸಿ ಸರಿಯಾದ್ದನ್ನು ಬರೆಯಬೇಕು. ಗೆರೆಯ ಕೆಳಗಿನ ಹಳೆಯ ಅಂಕಿ ಓದಲು ಬರಬೇಕು.

ನಿಮ್ಮಲ್ಲಿ ನನಗೆ ಚಿಂತೆ ಹುಟ್ಟಿಸುವುದು ಆ ಒಂದೇ ಎಕ್ಸೆಲ್ ಫೈಲ್. ಯಾರು ಯಾವಾಗ ಯಾವ ಕೋಶ ಬದಲಿಸಿದರೆಂದು ಅದು ಹೇಳುವುದಿಲ್ಲ. ತಿಂಗಳ ಕೊನೆಗೆ ಪಿಡಿಎಫ್ ತೆಗೆದು, ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್‌ನಿಂದ ಶಾ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ಪಡೆದು, ಪಿಡಿಎಫ್ ಮತ್ತು ಹ್ಯಾಶ್ ಎರಡನ್ನೂ ಗ್ರಾಹಕರಿಗೆ ಮೇಲ್ ಮಾಡಿ. ನಾಳೆ ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ತುಂಬುವ ಜಾಗವಿದೆ. ಮೇಲ್‌ನಲ್ಲೇ ಬರೆಯಿರಿ: ಆರಂಭ ಶಿಲ್ಕು, ಬಂದದ್ದು, ಹೋದದ್ದು, ಸ್ಕ್ರ್ಯಾಪ್, ಅಂತ್ಯ ಶಿಲ್ಕು, ತಪ್ಪಿದ್ದರೆ 7 ದಿನದೊಳಗೆ ತಿಳಿಸಿ ಎಂದು.

ಲೆಡ್ಜರ್ ಪುಟ:

ಒಂದು ಸೇರಿಸುತ್ತೇನೆ. ಗ್ರಾಹಕರು ಸಲ್ಲಿಸುವ ಐಟಿಸಿ-04 (ಜಾಬ್‌ವರ್ಕ್‌ಗೆ ಹೋಗಿಬಂದ ಮಾಲಿನ ಜಿಎಸ್‌ಟಿ ನಮೂನೆ) ನಕಲು ಕೇಳಿ. ಅದನ್ನು ತುಂಬುವುದು ಅವರೇ: ವಹಿವಾಟು 5 ಕೋಟಿ ಮೀರಿದ್ದರೆ ಆರು ತಿಂಗಳಿಗೊಮ್ಮೆ, ಇಲ್ಲದಿದ್ದರೆ ವರ್ಷಕ್ಕೊಮ್ಮೆ. ನಿಮ್ಮ ಚಲನ್ ನಂಬರ್‌ಗಳು ಅದರಲ್ಲಿ ಇಲ್ಲದಿದ್ದರೆ, ನೀವು ಕಳಿಸಿದ ಮಾಲೂ ಅವರ ಪುಸ್ತಕದಲ್ಲಿ ಇನ್ನೂ ನಿಮ್ಮ ಹತ್ತಿರವೇ ಇದೆ ಎಂದರ್ಥ. ಬಾರ್ ಕಳಿಸಿ ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ, ಅವಧಿ ವಿಸ್ತರಣೆ ಸಿಕ್ಕಿರದಿದ್ದರೆ, ಅದು ಕಳಿಸಿದ ದಿನವೇ ಆದ ಮಾರಾಟವೆಂದು ತೆರಿಗೆ ಬೀಳುವುದು ಅವರ ಮೇಲೆ, ಆದ್ದರಿಂದ ಈ ಸಾಲುಗಳನ್ನು ಅವರೇ ಬಿಗಿಯಾಗಿ ಹಿಡಿಯುತ್ತಾರೆ.

ಬರುವ ಮುನ್ನಾದಿನ ಹತ್ತು ಬಿಲ್ ಕಣ್ಣುಮುಚ್ಚಿ ಆರಿಸಿ, ಪ್ರತಿಯೊಂದರ ಹಿಂದಿನ ಕಾಗದ ಹೀಟ್ ನಂಬರ್‌ವರೆಗೆ ಎಳೆದು ನೋಡಿ. ಒಂದಕ್ಕೆ 10 ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಫೈಲಿಂಗ್ ಕ್ರಮ ತಪ್ಪಿದೆ. ತಾರೀಕಿನ ಬದಲು ಗ್ರಾಹಕರ ಇನ್‌ವರ್ಡ್ ಚಲನ್ ನಂಬರ್ ಪ್ರಕಾರ ಜೋಡಿಸಿ, ಆ ಒಂದು ಚಲನ್‌ನ ಬಾರ್‌ಗಳಿಂದ ಹೋದ ಎಲ್ಲವೂ ಅದರ ಹಿಂದೆಯೇ ಇರಲಿ.

ಬೋರಿಂಗ್ ಬಾರ್:

ಖಾಲಿ ಬುಕ್ ಮಾತು ವಾಪಸ್ ತಗೊಂಡೆ. ಆ ಖಾಲಿ ಬುಕ್‌ಗಳಿಗೂ ‘ರದ್ದು’ ಅಂತ ಅಡ್ಡಗೆರೆ ಎಳೆದು ಸರಣಿ ನಂಬರ್ ಬರೆದಿಡಿ ಸರ್, ಬೀರುವಿನಲ್ಲಿ ಹಾಗೇ ಸಿಕ್ಕಿದ್ರೆ ಅದಕ್ಕೂ ಪ್ರಶ್ನೆ ಬರುತ್ತೆ.